ಕಣ್ಣಿಗೊಂದು ಪೈಪು: ಗ್ಲಾಕೋಮಾ ಟ್ಯೂಬ್ ಇಲ್ಲಿಗೆ ಬಂದ ದಾರಿ

ನಮ್ಮ ಅತ್ತೆ ಕಣ್ಣಿಗೆ ಗ್ಲಾಕೋಮಾ ಟ್ಯೂಬ್ ಹಾಕಿ ವರ್ಷಗಳೇ ಆಯ್ತು. ಅವರು ಕೆಳಗೆ ನೋಡ್ತಿರುವಾಗ ಮೇಲಿನ ರೆಪ್ಪೆ ಮೆಲ್ಲಗೆ ಎತ್ತಿದ್ರೆ ಬಿಳಿಗುಡ್ಡೆ ಮೇಲೆ ಒಂಚೂರು ಉಬ್ಬಿರೋ ಜಾಗ ಕಾಣತ್ತೆ, ಟಾರ್ಚ್ ಬೆಳಕಲ್ಲಿ ಸರಿಯಾಗಿ ನೋಡಿದ್ರೆ ಐರಿಸ್, ಅಂದ್ರೆ ಕಣ್ಣಿನ ಬಣ್ಣದ ಭಾಗದ ಮುಂದೆ ಗುಂಡುಸೂಜಿ ಕಡ್ಡಿಯಷ್ಟು ದಪ್ಪದ ನಳಿಗೆಯ ತುದಿ, ಗಾಜಿನ ಹಾಗೆ ಹೊಳೆಯತ್ತೆ. ಹೊರಗೆ ಕಾಣೋದು ಅಷ್ಟೇ. ಇಷ್ಟು ಸಣ್ಣ ಪೈಪು ಕಣ್ಣೊಳಗೆ ಸುಮ್ಮನೆ ಕೂತ್ಕೊಳ್ಳೋ ಹಾಗೆ ಮಾಡೋಕೆ ಡಾಕ್ಟರ್‌ಗಳು ನೂರು ವರ್ಷಕ್ಕೂ ಜಾಸ್ತಿ ಒದ್ದಾಡಿದ್ದಾರೆ.

ಮೊದಲು ಸಮಸ್ಯೆ ಏನು ಅಂತ ನೋಡೋಣ. ಕಣ್ಣಿನ ಮುಂಭಾಗದಲ್ಲಿ ಆಕ್ವಿಯಸ್ ಅಂತ ಒಂದು ನೀರು ಸದಾ ಹುಟ್ತಾನೇ ಇರತ್ತೆ, ನಿಮಿಷಕ್ಕೆ 2 ರಿಂದ 2.5 ಮೈಕ್ರೋಲೀಟರ್ ಅಷ್ಟು, ಇದು ಕಣ್ಣೀರಲ್ಲ, ಒಳಗಡೆಯದ್ದು. ಹುಟ್ಟಿದಷ್ಟು ನೀರು ಐರಿಸ್ಸೂ ಕಾರ್ನಿಯಾನೂ (ಕಣ್ಣಿನ ಮುಂದಿನ ಗಾಜಿನಂಥ ಪಾರದರ್ಶಕ ಪದರ) ಸೇರೋ ಮೂಲೆಯಲ್ಲಿರೋ ಜರಡಿ ಥರದ ಜಾಗದಿಂದ ಹೊರಗೆ ಹೋಗ್ಬೇಕು. ಆ ಜರಡಿ ಕಟ್ಕೊಂಡ್ರೆ ಒಳಗೆ ಪ್ರೆಶರ್ ಏರತ್ತೆ, ಸಾಮಾನ್ಯವಾಗಿ 10 ರಿಂದ 21 ಮಿ.ಮೀ. ಪಾದರಸದೊಳಗೆ ಇರಬೇಕಾದ್ದು 30, 40 ಆಗ್ಬಿಡತ್ತೆ, ನೋಡಿದ್ದನ್ನ ಮೆದುಳಿಗೆ ಒಯ್ಯೋ, ಹಿಂದಿರೋ ಆಪ್ಟಿಕ್ ನರ ನಿಧಾನಕ್ಕೆ ಸಾಯ್ತಾ ಹೋಗತ್ತೆ, ಇದೇ ಗ್ಲಾಕೋಮಾ. ಹಾಗೆ ಹೋದ ದೃಷ್ಟಿ ಯಾವ ಆಪರೇಷನ್ ಮಾಡಿದ್ರೂ ವಾಪಸ್ ಬರಲ್ಲ, ಉಳಿದಿರೋದನ್ನ ಕಾಪಾಡ್ಕೋಬಹುದು ಅಷ್ಟೇ.

ನೀರು ಕಟ್ಕೊಂಡಿದ್ರೆ ಒಂದು ತೂತು ಮಾಡಿ ಬಿಟ್ರಾಯ್ತಲ್ಲ ಅನ್ಸತ್ತೆ. ಮಾಡೋದು ಕಷ್ಟ ಇಲ್ಲ, ಆದ್ರೆ ದೇಹಕ್ಕೆ ಅದು ತೂತಲ್ಲ, ಗಾಯ. ಗಾಯ ಅಂದ್ಮೇಲೆ ಮಾಯಲೇಬೇಕು, ಮುಚ್ಚಲೇಬೇಕು. ಈ ಇಡೀ ಕತೆ ನಡೆಯೋದು ಇದೊಂದರ ಸುತ್ತ.

1907ರಲ್ಲಿ ಫ್ರಾನ್ಸ್‌ನ ರೋಲೆ ಮತ್ತು ಮೊರೋ ಕಣ್ಣಿಗೆ ತೂತು ಮಾಡಿ ಅದರಲ್ಲಿ ಕುದುರೆ ಕೂದಲು ತೂರಿಸಿಟ್ರು, ದಾರ ಇದ್ರೆ ಗಾಯ ಮುಚ್ಚಲ್ಲ, ಅದರ ಪಕ್ಕದಿಂದ ನೀರು ಜಿನುಗತ್ತೆ ಅನ್ನೋ ಲೆಕ್ಕ. 1912ರಲ್ಲಿ ಜೊರಾಬ್ ಅನ್ನೋರು ರೇಷ್ಮೆ ದಾರ ಹಾಕಿ ನೋಡಿದ್ರು. ಆಮೇಲೆ ಚಿನ್ನ, ಪ್ಲಾಟಿನಂ, ಗಾಜು, ಥರಾವರಿ ಪ್ಲಾಸ್ಟಿಕ್, ಕೈಗೆ ಸಿಕ್ಕಿದ್ದೆಲ್ಲ ಆಯ್ತು. ಬಹುತೇಕ ಎಲ್ಲದರ ಗತಿನೂ ಒಂದೇ: ನಳಿಗೆ ಇದ್ದಲ್ಲೇ ಇರತ್ತೆ, ನೀರು ಹೊರಗೆ ಬರೋ ಬಾಯಿಯ ಮೇಲೆ ಗಾಯದ ಕಲೆ ಬೆಳೆದು ಗಟ್ಟಿಯಾಗಿ ಮುಚ್ಕೊಂಡುಬಿಡತ್ತೆ.

1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ಟ್ರಾಬೆಕ್ಯುಲೆಕ್ಟಮಿ ಅನ್ನೋ ಆಪರೇಷನ್ ವಿವರಿಸಿದ್ರು, ಯಾವ ಸಾಮಾನೂ ಒಳಗಿಡದೆ ಬಿಳಿಗುಡ್ಡೆಯಲ್ಲೇ ಒಂದು ಮುಚ್ಚಳ ಕತ್ತರಿಸಿ ಅದರಡಿ ದಾರಿ ಮಾಡೋದು, ಇವತ್ತಿಗೂ ಅದು ನಡೀತಿದೆ. ಆದ್ರೆ ಮುಂಚೆನೇ ಆಪರೇಷನ್ ಆಗಿರೋ ಕಣ್ಣು, ಉರಿಯೂತ ಇರೋ ಕಣ್ಣು, ಶುಗರ್‌ನಿಂದ ಹೊಸ ರಕ್ತನಾಳ ಬೆಳೆದಿರೋ ಕಣ್ಣು, ಇಂಥವುಗಳಲ್ಲಿ ಕಲೆ ಬೇಗ ಬೆಳೆದು ಅದೂ ಸೋಲೋದು ಜಾಸ್ತಿ.

ಸರಿಯಾಗಿ ಅದೇ ಹೊತ್ತಿಗೆ, 1969ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿದ್ದ ಆಂಟನಿ ಮೊಲ್ಟೆನೋ ಒಂದು ಸಾಧನ ತೋರಿಸಿದ್ರು, ನನ್ನ ಪ್ರಕಾರ ಇಡೀ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇದೇ. ಅವರು ಸಣ್ಣ ನಳಿಗೆಯ ಹೊರತುದಿಗೆ ಒಂದು ತೆಳು ಅಕ್ರಿಲಿಕ್ ತಟ್ಟೆ ಸೇರಿಸಿದ್ರು. ಗಾಯ ಮಾಯೋದನ್ನ ತಡೆಯೋಕೆ ಆಗಲ್ಲ ತಾನೆ, ಮಾಯಲಿ ಬಿಡಿ, ಆದ್ರೆ ತಟ್ಟೆಯ ಸುತ್ತ ಮಾಯಲಿ. ಆ ಪ್ಲಾಸ್ಟಿಕ್‌ಗೆ ಅಂಗಾಂಶ ಅಂಟ್ಕೊಳ್ಳಲ್ಲ, ಹಂಗಾಗಿ ಕಲೆ ತಟ್ಟೆಯ ಮೇಲೆ ಒಂದು ಚೀಲದ ಥರ ಕಟ್ಟತ್ತೆ, ನೀರು ಆ ಚೀಲದಲ್ಲಿ ನಿಂತು ಅದರ ಗೋಡೆಯಿಂದ ಮೆಲ್ಲಗೆ ಇಂಗಿ ಸುತ್ತಲಿನ ರಕ್ತನಾಳಗಳಿಗೆ ಸೇರ್ಕೊಳ್ಳತ್ತೆ. ಅರವತ್ತು ವರ್ಷ ಎಲ್ಲರೂ ಯಾವ ಕಲೆ ಜೊತೆ ಜಗಳ ಆಡ್ತಿದ್ರೋ ಅದನ್ನೇ ಇವರು ಕೆಲಸಕ್ಕೆ ಹಚ್ಚಿದ್ರು. ಮೊದಲ ಮಾದರಿಯಲ್ಲಿ ತಟ್ಟೆ ಕಾರ್ನಿಯಾ ಪಕ್ಕದಲ್ಲೇ ಇದ್ದಿದ್ರಿಂದ ತೊಂದರೆ ಆಯ್ತು, 1973ರಲ್ಲಿ ನಳಿಗೆ ಉದ್ದ ಮಾಡಿ ತಟ್ಟೆಯನ್ನ ಹಿಂದಕ್ಕೆ, ರೆಪ್ಪೆಯಡಿಗೆ ಸರಿಸಿದ್ರು. ಇವತ್ತು ಹಾಕೋ ದೊಡ್ಡ ಟ್ಯೂಬ್‌ಗಳೆಲ್ಲ ಅದೇ ನಕ್ಷೆಯವು.

ಅಲ್ಲಿಗೆ ಮುಗೀಲಿಲ್ಲ. ಚೀಲ ಕಟ್ಟೋಕೆ ನಾಲ್ಕರಿಂದ ಆರು ವಾರ ಬೇಕು, ಅಲ್ಲೀವರೆಗೆ ನೀರಿಗೆ ಅಡ್ಡ ಅನ್ನೋದೇ ಇಲ್ಲ, ಎಲ್ಲ ಸುರಿದು ಹೋಗಿ ಕಣ್ಣು ಗಾಳಿ ಹೋದ ಚೆಂಡಿನ ಹಾಗೆ ಮೆತ್ತಗಾಗ್ಬಿಡತ್ತೆ, ಒಳಪದರ ಕಳಚ್ಕೊಳ್ಳಬಹುದು, ರಕ್ತಸ್ರಾವನೂ ಆಗಬಹುದು. ಇದಕ್ಕೆ ಎರಡು ದಾರಿ ಹುಡುಕಿದ್ರು. ಒಂದು, ಕರಗೋ ದಾರದಿಂದ ಟ್ಯೂಬನ್ನೇ ಬಿಗಿಯಾಗಿ ಕಟ್ಟಿಬಿಡೋದು, ಐದಾರು ವಾರಕ್ಕೆ ದಾರ ಕರಗೋ ಹೊತ್ತಿಗೆ ಚೀಲ ರೆಡಿ ಆಗಿರತ್ತೆ. 1990ರ ಸುಮಾರಿಗೆ ಬಂದ ಬೇರ್ವೆಲ್ಟ್ ಇಂಪ್ಲಾಂಟ್‌ಗೆ ಮಾಡೋದು ಹೀಗೇನೇ, ಅದರ ತಟ್ಟೆ 350 ಚದರ ಮಿಲಿಮೀಟರ್, ಎರಡು ರೆಕ್ಕೆ ಕಣ್ಣು ಆಡಿಸೋ ಸ್ನಾಯುಗಳ ಕೆಳಗೆ ಸೇರ್ಕೊಳ್ಳತ್ತೆ. ತಟ್ಟೆ ದೊಡ್ಡದಾದಷ್ಟೂ ಪ್ರೆಶರ್ ಚೆನ್ನಾಗಿ ಇಳಿಯತ್ತೆ, ಜೊತೆಗೆ ಕೆಲವರಿಗೆ ಒಂದು ವಸ್ತು ಎರಡಾಗಿ ಕಾಣೋ ತೊಂದರೆನೂ ಬರತ್ತೆ. ಮಧುರೈನ ಅರೋಲ್ಯಾಬ್ 2013ರಲ್ಲಿ ತಂದ ಇಂಪ್ಲಾಂಟ್ ಇದೇ ಮಾದರಿಯದ್ದು.

ಇನ್ನೊಂದು ದಾರಿ ವಾಲ್ವ್. 1976ರಲ್ಲಿ ಕ್ರೂಪಿನ್ ಶುರು ಮಾಡಿದ್ರು, 1993ರಲ್ಲಿ ಬಂದ ಅಹಮದ್ ವಾಲ್ವ್ ಎಲ್ಲ ಕಡೆ ಹರಡ್ತು. ಎರಡು ತೆಳ್ಳನೆ ಸಿಲಿಕೋನ್ ಪೊರೆ ಒಂದರ ಮೇಲೊಂದು ಬಿಗಿಯಾಗಿ ಕೂತಿರತ್ತೆ, ಪ್ರೆಶರ್ 8ರ ಆಸುಪಾಸು ದಾಟಿದ್ರೆ ತುಟಿ ತೆರೆದ ಹಾಗೆ ತೆರ್ಕೊಂಡು ನೀರು ಬಿಡತ್ತೆ, ಇಳಿದ್ರೆ ಮುಚ್ಕೊಳ್ಳತ್ತೆ. ಆಪರೇಷನ್ ಆದ ದಿನದಿಂದಲೇ ಕೆಲಸ ಶುರು, 50 ಇರೋ ಪ್ರೆಶರ್ ತಕ್ಷಣ ಇಳಿಸ್ಬೇಕು ಅಂದ್ರೆ ಕಾಯೋಕಾಗಲ್ಲ, ಅಲ್ಲಿ ಇದೇ ಬೇಕು. ಆದ್ರೆ ಮೊದಲ ಮೂರು ತಿಂಗಳೊಳಗೆ ಚೀಲದ ಗೋಡೆ ದಪ್ಪ ಆಗಿ ಪ್ರೆಶರ್ ಮತ್ತೆ ಏರೋ ಒಂದು ಘಟ್ಟ ಬರೋದುಂಟು, ಡ್ರಾಪ್ಸ್ ವಾಪಸ್ ಶುರು ಮಾಡ್ಬೇಕಾಗತ್ತೆ. ಟ್ಯೂಬ್ ಹಾಕಿಸ್ಕೊಂಡೋರು ಆಗ ಆಪರೇಷನ್ ಫೇಲ್ ಆಯ್ತು ಅಂತ ಎದೆ ಒಡ್ಕೋತಾರೆ, ಹಾಗೇನಿಲ್ಲ, ಸುಮಾರು ಜನಕ್ಕೆ ಅದು ಮತ್ತೆ ಹತೋಟಿಗೆ ಬರತ್ತೆ, ಇದನ್ನ ಮೊದಲೇ ಕೂರಿಸಿ ಹೇಳ್ಬೇಕು.

ತುಂಬಾ ಕಾಲ ಟ್ಯೂಬ್ ಅಂದ್ರೆ ಕೊನೇ ಅಸ್ತ್ರ ಅನ್ನೋ ಭಾವನೆ ಇತ್ತು. 2012ರಲ್ಲಿ ಅಮೆರಿಕದ ಒಂದು ಟ್ರಯಲ್‌ನ ಐದು ವರ್ಷದ ಫಲಿತಾಂಶ ಬಂತು, ಈ ಹಿಂದೆ ಆಪರೇಷನ್ ಆಗಿದ್ದ 212 ಕಣ್ಣು, ಟ್ರಾಬೆಕ್ಯುಲೆಕ್ಟಮಿ ಗುಂಪಲ್ಲಿ ಸೋತಿದ್ದು 46.9 ಪರ್ಸೆಂಟ್, ಟ್ಯೂಬ್ ಗುಂಪಲ್ಲಿ 29.8. ಟ್ಯೂಬನ್ನ ಸ್ವಲ್ಪ ಮುಂಚೆಯೇ ಯೋಚಿಸೋಕೆ ಇದೊಂದು ಗಟ್ಟಿ ಕಾರಣ ಆಯ್ತು.

ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಐಸ್ಟೆಂಟ್‌ಗೆ ಒಪ್ಪಿಗೆ ಕೊಡ್ತು, ಒಂದು ಮಿಲಿಮೀಟರ್ ಉದ್ದದ ಟೈಟೇನಿಯಂ ಚೂರು, ಪೊರೆ ಆಪರೇಷನ್ ಜೊತೆಗೇ ಹಾಕ್ತಾರೆ, ಆರಂಭದ ಇಲ್ಲಾ ಮಧ್ಯಮ ಹಂತದ ಗ್ಲಾಕೋಮಾಕ್ಕೆ ಮಾತ್ರ. 2016ರಲ್ಲಿ ಅಲ್ಲೇ ಒಪ್ಪಿಗೆ ಸಿಕ್ಕಿದ ಜೆನ್ ಅನ್ನೋದ್ರಲ್ಲಿ ವಾಲ್ವೇ ಇಲ್ಲ, ಜೆಲಟಿನ್ ನಳಿಗೆ, 6 ಮಿಲಿಮೀಟರ್ ಉದ್ದ, ಒಳದಾರಿ 45 ಮೈಕ್ರಾನ್, ಅಷ್ಟು ಕಿರಿದಾದ ದಾರಿಯೇ ನೀರನ್ನ ತಡೆದು ತಡೆದು ಬಿಡತ್ತೆ.

2016ರಲ್ಲೇ ಒಪ್ಪಿಗೆ ಸಿಕ್ಕಿದ ಸೈಪಾಸ್ ಅನ್ನೋ ಇನ್ನೊಂದು ಸಣ್ಣ ನಳಿಗೆಯದ್ದು ಮಾತ್ರ ನೋವಿನ ಕತೆ. ಎರಡು ವರ್ಷದ ಫಲಿತಾಂಶ ಚೆನ್ನಾಗಿತ್ತು ಅಂತ ಬಂತು, ಐದು ವರ್ಷದ ಲೆಕ್ಕ ನೋಡಿದಾಗ ಅದನ್ನ ಹಾಕಿದ ಕಣ್ಣುಗಳಲ್ಲಿ ಕಾರ್ನಿಯಾದ ಒಳಪದರದ ಜೀವಕೋಶಗಳು ಜಾಸ್ತಿ ಸತ್ತಿದ್ವು. ಆ ಜೀವಕೋಶ ಮತ್ತೆ ಹುಟ್ಟಲ್ಲ, ತೀರಾ ಕಮ್ಮಿ ಆದ್ರೆ ಕಾರ್ನಿಯಾ ಮಂಜಾಗತ್ತೆ. 2018ರ ಆಗಸ್ಟ್‌ನಲ್ಲಿ ಆಲ್ಕಾನ್ ಕಂಪನಿ ತಾನೇ ಅದನ್ನ ಮಾರ್ಕೆಟ್‌ನಿಂದ ವಾಪಸ್ ತಗೊಂಡ್ತು, ಆದ್ರೆ ಅಷ್ಟೊತ್ತಿಗೆ ಹಾಕಿಸ್ಕೊಂಡಿದ್ದವರ ಕಣ್ಣಲ್ಲಿ ಅದು ಇತ್ತಲ್ಲ, ಅವರ ಜೀವಕೋಶಗಳ ಮೇಲೆ ಕಣ್ಣಿಡೋ ಕೆಲಸ ಉಳೀತು.

ದೊಡ್ಡ ಟ್ಯೂಬ್‌ಗೂ ಈ ಭಯ ಇದ್ದೇ ಇದೆ, ತುದಿ ಕಾರ್ನಿಯಾಗೆ ಹತ್ತಿರ ಇದ್ದಷ್ಟೂ ಜಾಸ್ತಿ. ಅದಕ್ಕೇ ಅತ್ತೆನ ಚೆಕಪ್‌ಗೆ ಕರ್ಕೊಂಡು ಹೋದಾಗೆಲ್ಲ ಡಾಕ್ಟರ್ ಪ್ರೆಶರ್ ಬರ್ಕೊಂಡು ಅಲ್ಲಿಗೇ ಬಿಡಲ್ಲ. ಕಾರ್ನಿಯಾ ನೋಡ್ತಾರೆ, ಆಮೇಲೆ "ಕೆಳಗೆ ನೋಡಿ" ಅಂತ ರೆಪ್ಪೆ ಎತ್ತಿ, ಟ್ಯೂಬ್ ಮೇಲೆ ಹೊದಿಸಿರೋ ಪ್ಯಾಚ್ ಸವೆದು ನಳಿಗೆ ಹೊರಗೆ ಬಂದಿದ್ಯಾ ಅಂತ ಸ್ಲಿಟ್ ಲ್ಯಾಂಪ್ ಅನ್ನೋ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ನಿಧಾನಕ್ಕೆ ನೋಡ್ತಾರೆ, ಹಾಗೇನಾದ್ರೂ ಬಂದ್ರೆ ಸೋಂಕು ಸೀದಾ ಕಣ್ಣೊಳಗೆ ಇಳಿಯತ್ತೆ. ಕಣ್ಣು ಕೆಂಪಾಗಿ ನೋವು ಬಂದ್ರೆ ಅಪಾಯಿಂಟ್‌ಮೆಂಟ್ ಅಂತ ಕಾಯದೆ ಅವತ್ತೇ ಬನ್ನಿ ಅಂದಿದ್ದಾರೆ, ಆ ಮಾತನ್ನ ಅತ್ತೆ ಡ್ರಾಪ್ಸ್ ಇಡೋ ಡಬ್ಬಿ ಮುಚ್ಚಳದ ಮೇಲೆ ಪೆನ್ನಲ್ಲಿ ಬರೆದಿಟ್ಕೊಂಡಿದ್ದಾರೆ.