ಎಲ್‌ಎಸ್‌ಡಿ: ಹಿನ್ನೆಲೆ, ಕಾನೂನು ಮತ್ತು ಕಾಗದದ ತೂಕ

ನಮ್ಮ ದೇಶದ ಮಾದಕ ವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ ಪ್ರಮಾಣದ ಪಟ್ಟಿ ಓದುವಾಗ ನಾವೆಲ್ಲ ಗಾಂಜಾ 1 ಕೆಜಿ, 20 ಕೆಜಿ, ಹೆರಾಯಿನ್ 5 ಗ್ರಾಂ, 250 ಗ್ರಾಂ ಅಂತ ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತೇವೆ. ಅದೇ ಪಟ್ಟಿಯಲ್ಲಿ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಡ್ರಗ್‌ನ ಎದುರು ಇರುವ ಅಂಕಿ ನೋಡಿ: 0.002 ಗ್ರಾಂ ಮತ್ತು 0.1 ಗ್ರಾಂ. ಅಂದರೆ 2 ಮಿಲಿಗ್ರಾಂ ಮತ್ತು 100 ಮಿಲಿಗ್ರಾಂ. ಮೊದಲನೆಯದು ‘ಸಣ್ಣ ಪ್ರಮಾಣ’ದ ಮಿತಿ, ಎರಡನೆಯದು ‘ವಾಣಿಜ್ಯ ಪ್ರಮಾಣ’ದ್ದು. ಇಷ್ಟು ಚಿಕ್ಕ ಅಂಕಿ ಯಾಕೆ ಬಂತು, ಅದರಿಂದ ಕೋರ್ಟಿನಲ್ಲಿ ಏನಾಗುತ್ತದೆ ಅನ್ನೋದು ತಿಳಿದರೆ ಈ ಡ್ರಗ್‌ನ ಕಾನೂನು ಮುಕ್ಕಾಲು ಪಾಲು ತಿಳಿದ ಹಾಗೆಯೇ. ಕಾನೂನು, ಫಾರ್ಮಸಿ, ಫೊರೆನ್ಸಿಕ್ ಓದುವವರು ಮೂವರಿಗೂ ಇದು ಬೇಕಾದ ವಿಷಯ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆದಿದ್ದೇನೆ.

ಎಲ್ಲಿಂದ ಬಂತು

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಸ್ಯಾಂಡೋಜ್ ಅನ್ನೋ ಔಷಧ ಕಂಪನಿ ಇತ್ತು. ಅಲ್ಲಿನ ರಸಾಯನ ವಿಜ್ಞಾನಿಗಳು ಅರ್ಗಟ್ ಎಂಬ ಶಿಲೀಂಧ್ರದ ಮೇಲೆ ಕೆಲಸ ಮಾಡುತ್ತಿದ್ದರು. ಇದು ಯುರೋಪಿನ ರೈ ಎಂಬ ಧಾನ್ಯದ ತೆನೆಗೆ ತಗಲುವ ರೋಗ. ಈ ಶಿಲೀಂಧ್ರ ಸೇರಿದ ಹಿಟ್ಟಿನ ರೊಟ್ಟಿ ತಿಂದ ಜನರಿಗೆ ರಕ್ತನಾಳ ಬಿಗಿದು, ಕೈಕಾಲು ಕೊಳೆತು ಬಿದ್ದುಹೋದ ಘಟನೆಗಳು ಮಧ್ಯಯುಗದ ಯುರೋಪಿನಲ್ಲಿ ಬೇಕಾದಷ್ಟು ಇವೆ. ಅದೇ ಗುಣವನ್ನು ಅಲ್ಲಿನ ಸೂಲಗಿತ್ತಿಯರು ಹೆರಿಗೆಯಲ್ಲಿ ಬಳಸುತ್ತಿದ್ದರು, ಯಾಕೆಂದರೆ ಅದು ಗರ್ಭಕೋಶವನ್ನೂ ಬಿಗಿಗೊಳಿಸುತ್ತದೆ. 1918ರಲ್ಲಿ ಸ್ಯಾಂಡೋಜ್‌ನ ಆರ್ಥರ್ ಸ್ಟೋಲ್ ಇದರಿಂದ ಎರ್ಗೋಟಮೀನ್ ಬೇರ್ಪಡಿಸಿದರು. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಹೆರಿಗೆ ನಂತರ ರಕ್ತಸ್ರಾವ ನಿಲ್ಲಿಸಲು ಕೊಡುವ ಮೆಥರ್ಜಿನ್ ಇಂಜೆಕ್ಷನ್ ಇದೇ ಕುಟುಂಬದ ಔಷಧ, ಇದೇ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು.

ಉತ್ತರ ಕರ್ನಾಟಕದಲ್ಲಿ ಸಜ್ಜೆ ಬೆಳೆಯುವ ಮನೆಯವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಸಜ್ಜೆ ತೆನೆಗೂ ಅರ್ಗಟ್ ರೋಗ ಬರುತ್ತದೆ, ತೆನೆಯಿಂದ ಅಂಟು ಅಂಟಾದ ರಸ ಒಸರುತ್ತದೆ, ಬಿತ್ತನೆ ಕಾಳನ್ನು ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದುಹಾಕುತ್ತಾರೆ. ಅದೂ ಇದೂ ಒಂದೇನಾ? ಅಲ್ಲ. ಎರಡೂ ಒಂದೇ ಕುಲದ ಶಿಲೀಂಧ್ರಗಳೇ, ಆದರೆ ಜಾತಿ ಬೇರೆ, ವಿಷವೂ ಬೇರೆ.

ರೈ ಅರ್ಗಟ್‌ನ ಔಷಧಗಳಿಗೆಲ್ಲ ಮೂಲದಲ್ಲಿರುವುದು ಲೈಸರ್ಜಿಕ್ ಆಮ್ಲ. ಆಲ್ಬರ್ಟ್ ಹಾಫ್‌ಮನ್ ಎಂಬ ವಿಜ್ಞಾನಿ ಅದಕ್ಕೆ ಒಂದೊಂದೇ ಬೇರೆ ಗುಂಪು ಜೋಡಿಸುತ್ತಾ ಹೋದರು. ಉದ್ದೇಶ ರಕ್ತಸಂಚಾರಕ್ಕೂ ಉಸಿರಾಟಕ್ಕೂ ಚುರುಕು ಕೊಡುವ ಔಷಧ ಕಂಡುಹಿಡಿಯುವುದು. ಆ ಸಾಲಿನ 25ನೇ ಸಂಯುಕ್ತ 1938ರ ನವೆಂಬರ್ 16ರಂದು ತಯಾರಾಯಿತು. ಅದೇ ಎಲ್‌ಎಸ್‌ಡಿ-25. ಅರ್ಧ ಭಾಗ ಪ್ರಕೃತಿಯದು, ಅರ್ಧ ಪ್ರಯೋಗಾಲಯದ್ದು. ಹಾಗಾಗಿ ಸರಿಯಾಗಿ ಹೇಳುವುದಾದರೆ ಇದು ಅರೆ ಸಂಶ್ಲೇಷಿತ ವಸ್ತು. ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದರು, ಅವು ಸ್ವಲ್ಪ ಚಡಪಡಿಸಿದವು ಅಷ್ಟೇ. ಪ್ರಯೋಜನ ಇಲ್ಲ ಅಂತ ಕಂಪನಿ ಕೈಬಿಟ್ಟಿತು.

ಐದು ವರ್ಷ ಆದ ಮೇಲೆ ಹಾಫ್‌ಮನ್ ಅದನ್ನು ಮತ್ತೆ ತಯಾರಿಸಿದರು. 1943ರ ಏಪ್ರಿಲ್ 16ರಂದು ಕೆಲಸ ಮಾಡುತ್ತಿರುವಾಗಲೇ ಅವರಿಗೆ ಏನೋ ಒಂಥರಾ ಆಗಿ ಮನೆಗೆ ಹೋದರು. ಕಣ್ಣು ಮುಚ್ಚಿದರೆ ಬಣ್ಣಗಳು. ಕಾರಣ ಈ ವಸ್ತುವೇ ಇರಬೇಕು ಅನ್ನಿಸಿ ಏಪ್ರಿಲ್ 19ರಂದು ಬೇಕಂತಲೇ 0.25 ಮಿಲಿಗ್ರಾಂ ತೆಗೆದುಕೊಂಡರು. ಆಗ ಗೊತ್ತಿದ್ದ ಬೇರೆ ಯಾವ ಔಷಧದ ಲೆಕ್ಕದಲ್ಲಿ ನೋಡಿದರೂ ಅದು ಏನೂ ಆಗಬಾರದಷ್ಟು ಕಡಿಮೆ. ಆದರೆ ತಡೆಯಲಾಗದಷ್ಟು ಜೋರಾಗಿ ಹಿಡಿಯಿತು. ಯುದ್ಧಕಾಲ, ಕಾರು ಸಿಗುವಂತಿರಲಿಲ್ಲ, ಸಹಾಯಕಿ ಸೂಸಿ ರಾಮ್‌ಸ್ಟೈನ್ ಜೊತೆ ಸೈಕಲ್ ತುಳಿದುಕೊಂಡು ಮನೆ ಸೇರಿದರು. ನೆರೆಮನೆಯ ಹೆಂಗಸು ಮಾಟಗಾತಿಯ ಹಾಗೆ ಕಂಡಳಂತೆ, ತಾನು ಸಾಯುತ್ತಿದ್ದೇನೆ ಅನ್ನಿಸಿತಂತೆ. ಬಂದ ಡಾಕ್ಟರಿಗೆ ಮಾತ್ರ ಕಣ್ಣಿನ ಪಾಪೆ ಹಿಗ್ಗಿದ್ದು ಬಿಟ್ಟು ಬೇರೇನೂ ಸಿಗಲಿಲ್ಲ.

ಈ 0.25 ಮಿಲಿಗ್ರಾಂ ಅಂಕಿ ನೆನಪಿಡಿ. ಇವತ್ತಿಗೆ 0.1 ಮಿಲಿಗ್ರಾಂ, ಅಂದರೆ 100 ಮೈಕ್ರೋಗ್ರಾಂ, ಒಂದು ಪೂರ್ತಿ ಡೋಸ್ ಅಂತ ಲೆಕ್ಕ. ಪರಿಣಾಮ 8ರಿಂದ 12 ಗಂಟೆ ಇರುತ್ತದೆ. ಮಿದುಳಿನ 5-ಎಚ್‌ಟಿ2ಎ ಎಂಬ ಸೆರೊಟೋನಿನ್ ಗ್ರಾಹಕಕ್ಕೆ ಇದು ಅಂಟಿಕೊಳ್ಳುತ್ತದೆ, ಒಮ್ಮೆ ಕೂತರೆ ಸುಲಭಕ್ಕೆ ಬಿಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುವುದರಿಂದಲೇ ಇದನ್ನು ಹಾಗೇ ಮಾರಲು, ಅಳೆಯಲು ಆಗುವುದಿಲ್ಲ. ಕಾಗದಕ್ಕೆ ಹೀರಿಸಬೇಕು. ಕಾನೂನಿನ ತಲೆನೋವು ಹುಟ್ಟುವುದು ಅಲ್ಲೇ.

ಔಷಧದಿಂದ ಅಪರಾಧಕ್ಕೆ

ಸ್ಯಾಂಡೋಜ್ 1947ರಲ್ಲಿ ಇದನ್ನು ಡೆಲಿಸಿಡ್ ಹೆಸರಿನಲ್ಲಿ ಮನೋವೈದ್ಯರಿಗೆ ಕೊಡಲು ಶುರುಮಾಡಿತು. ರೋಗಿಯ ಮನಸ್ಸಿನೊಳಗೆ ಏನಾಗುತ್ತದೆ ಅಂತ ತಿಳಿಯಲು ವೈದ್ಯರೇ ತೆಗೆದುಕೊಂಡು ನೋಡಬಹುದು ಅಂತ ಅದರ ಜೊತೆಗಿನ ಚೀಟಿಯಲ್ಲೇ ಬರೆದಿತ್ತು. ಕೆನಡಾದ ಸಸ್ಕಾಚೆವಾನ್‌ನಲ್ಲಿ ಹಂಫ್ರಿ ಆಸ್ಮಂಡ್ ಮದ್ಯವ್ಯಸನಿಗಳ ಚಿಕಿತ್ಸೆಗೆ ಬಳಸಿದರು. ಆ ಕಾಲದ ಆರು ಪ್ರಯೋಗಗಳ 536 ರೋಗಿಗಳ ಮಾಹಿತಿಯನ್ನು 2012ರಲ್ಲಿ ಒಟ್ಟು ಸೇರಿಸಿ ನೋಡಿದಾಗ ಕುಡಿತ ಕಡಿಮೆಯಾಗಲು ಉಪಯೋಗ ಆಗಿದ್ದು ಕಂಡಿತು. ಅಂದರೆ ಅಂದಿನ ಸಂಶೋಧನೆ ಪೂರ್ತಿ ಹುಚ್ಚಾಟ ಆಗಿರಲಿಲ್ಲ.

ಆದರೆ ಇನ್ನೊಂದು ಮುಖ ನಿಜಕ್ಕೂ ಭಯಾನಕ. ಅಮೆರಿಕದ ಸಿಐಎ 1953ರಲ್ಲಿ ಎಂಕೆ-ಅಲ್ಟ್ರಾ ಎಂಬ ಗುಪ್ತ ಯೋಜನೆ ಶುರುಮಾಡಿ ಜನರಿಗೆ ಗೊತ್ತಿಲ್ಲದೆಯೇ ಎಲ್‌ಎಸ್‌ಡಿ ಕೊಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಫ್ರ್ಯಾಂಕ್ ಓಲ್ಸನ್ ಎಂಬ ಸೇನಾ ವಿಜ್ಞಾನಿಗೆ ಹಾಗೆ ಕೊಟ್ಟ ಕೆಲವೇ ದಿನಗಳಲ್ಲಿ ಆತ ನ್ಯೂಯಾರ್ಕಿನ ಹೋಟೆಲಿನ ಕಿಟಕಿಯಿಂದ ಬಿದ್ದು ಸತ್ತರು. ಮನೆಯವರಿಗೆ ಸತ್ಯ ತಿಳಿದದ್ದು 22 ವರ್ಷ ಆದ ಮೇಲೆ, 1975ರಲ್ಲಿ. ಅಧ್ಯಕ್ಷ ಫೋರ್ಡ್ ಕುಟುಂಬದ ಕ್ಷಮೆ ಕೇಳಿದರು. ವೈದ್ಯಕೀಯ ಸಂಶೋಧನೆಯಲ್ಲಿ ಒಪ್ಪಿಗೆ ಯಾಕೆ ಮುಖ್ಯ ಅಂತ ಓದುವಾಗ ಈ ಹೆಸರನ್ನು ಮರೆಯಬಾರದು.

60ರ ದಶಕದಲ್ಲಿ ಅದು ಪ್ರಯೋಗಾಲಯದಿಂದ ಬೀದಿಗೆ ಬಂತು. ಹಾರ್ವರ್ಡ್ ವಿಶ್ವವಿದ್ಯಾಲಯ 1963ರಲ್ಲಿ ಇಂಥ ಡ್ರಗ್‌ಗಳ ಪರ ಪ್ರಚಾರ ಮಾಡುತ್ತಿದ್ದ ಮನೋವಿಜ್ಞಾನಿ ತಿಮೋಥಿ ಲಿಯರಿಯನ್ನು ಕೆಲಸದಿಂದ ತೆಗೆಯಿತು, ಸ್ಯಾಂಡೋಜ್ 1965ರಲ್ಲಿ ಪೂರೈಕೆ ನಿಲ್ಲಿಸಿತು, ಕ್ಯಾಲಿಫೋರ್ನಿಯಾ 1966ರ ಅಕ್ಟೋಬರ್ 6ರಂದು ನಿಷೇಧಿಸಿತು. 1968ರಲ್ಲಿ ಇಡೀ ಅಮೆರಿಕದಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಯಿತು, 1970ರ ಕಾಯ್ದೆ ಅದನ್ನು ಒಂದನೇ ಶೆಡ್ಯೂಲ್‌ಗೆ, ಅಂದರೆ ಅತಿ ಬಿಗಿ ನಿಯಂತ್ರಣದ ಪಟ್ಟಿಗೆ, ಸೇರಿಸಿತು.

ನಮಗೆ ಮುಖ್ಯವಾದದ್ದು 1971ರ ಫೆಬ್ರುವರಿ 21ರಂದು ವಿಯೆನ್ನಾದಲ್ಲಿ ಆದ ವಿಶ್ವಸಂಸ್ಥೆಯ ಸೈಕೋಟ್ರಾಪಿಕ್ (ಮನಸ್ಸಿನ ಮೇಲೆ ಪರಿಣಾಮ ಮಾಡುವ) ವಸ್ತುಗಳ ಒಪ್ಪಂದ. ಅದರಲ್ಲಿ ನಾಲ್ಕು ಶೆಡ್ಯೂಲ್ ಇವೆ. ಎಲ್‌ಎಸ್‌ಡಿ ಇರುವುದು ಅತಿ ಬಿಗಿಯಾದ ಒಂದನೆಯದರಲ್ಲಿ. ವಿಜ್ಞಾನಕ್ಕೆ ಮತ್ತು ತೀರಾ ಸೀಮಿತ ವೈದ್ಯಕೀಯ ಉದ್ದೇಶಕ್ಕೆ, ಅದೂ ಸರ್ಕಾರದ ಅನುಮತಿ ಇದ್ದವರಿಗೆ ಮಾತ್ರ ಅವಕಾಶ. ಭಾರತ ಇದಕ್ಕೆ ಸೇರಿದ್ದು 1975ರಲ್ಲಿ. 1988ರ ಇನ್ನೊಂದು ಒಪ್ಪಂದ ಲೈಸರ್ಜಿಕ್ ಆಮ್ಲ, ಎರ್ಗೋಟಮೀನ್‌ನಂತಹ ಕಚ್ಚಾವಸ್ತುಗಳ ಮೇಲೂ ಕಣ್ಣಿಟ್ಟಿತು.

ಭಾರತದಲ್ಲಿ ಏನಿದೆ

1985ಕ್ಕೆ ಮುಂಚೆ ನಮ್ಮಲ್ಲಿದ್ದದ್ದು 1857 ಮತ್ತು 1878ರ ಅಫೀಮು ಕಾಯ್ದೆಗಳು, 1930ರ ಡೇಂಜರಸ್ ಡ್ರಗ್ಸ್ ಕಾಯ್ದೆ. ಅಫೀಮು, ಗಾಂಜಾ, ಕೋಕಾ ಬಿಟ್ಟರೆ ಸೈಕೋಟ್ರಾಪಿಕ್ ವಸ್ತುಗಳ ಬಗ್ಗೆ ಅವು ಮಾತೇ ಆಡುವುದಿಲ್ಲ. ವಿಯೆನ್ನಾ ಒಪ್ಪಂದ ಜಾರಿ ಮಾಡಬೇಕು ಅನ್ನೋದು ಹೊಸ ಕಾಯ್ದೆಗೆ ಒಂದು ಮುಖ್ಯ ಕಾರಣ. ಎನ್‌ಡಿಪಿಎಸ್ ಕಾಯ್ದೆ 1985ರ ನವೆಂಬರ್ 14ರಂದು ಜಾರಿಗೆ ಬಂತು, ಎಲ್‌ಎಸ್‌ಡಿ ಅದರ ಪಟ್ಟಿಯಲ್ಲಿದೆ.

ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವ ಜಾಗ ಇದು: ಗಾಂಜಾಗೆ ಸೆಕ್ಷನ್ 20, ಹೆರಾಯಿನ್, ಕೊಕೇನ್‌ಗೆ 21, ಎಲ್‌ಎಸ್‌ಡಿಗೆ 22. ಎಲ್‌ಎಸ್‌ಡಿ ಕಾಯ್ದೆಯ ಪ್ರಕಾರ ‘ನಾರ್ಕೋಟಿಕ್ ಡ್ರಗ್’ ಅಲ್ಲವೇ ಅಲ್ಲ, ‘ಸೈಕೋಟ್ರಾಪಿಕ್ ವಸ್ತು’. ನಿಷೇಧ ಹೇಳುವುದು ಸೆಕ್ಷನ್ 8(ಸಿ), ಶಿಕ್ಷೆ ಹೇಳುವುದು 22.

ಆ ಶಿಕ್ಷೆ ಪ್ರಮಾಣದ ಮೇಲೆ ನಿಂತಿದೆ. ಈ ವ್ಯವಸ್ಥೆ 2001ರ ತಿದ್ದುಪಡಿಯಿಂದ ಬಂದದ್ದು. ಸಣ್ಣ ಪ್ರಮಾಣವಾದರೆ 1 ವರ್ಷದವರೆಗೆ ಕಠಿಣ ಸಜೆ, ಅಥವಾ 10 ಸಾವಿರದವರೆಗೆ ದಂಡ, ಅಥವಾ ಎರಡೂ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜೊತೆಗೆ 1ರಿಂದ 2 ಲಕ್ಷ ದಂಡ. ನಡುವೆ ಬಿದ್ದರೆ 10 ವರ್ಷದವರೆಗೆ. ವಾಣಿಜ್ಯ ಪ್ರಮಾಣ ಅಂತಾದರೆ ಸೆಕ್ಷನ್ 37 ಬಂದು ಕೂರುತ್ತದೆ: ಆರೋಪಿ ತಪ್ಪಿತಸ್ಥ ಅಲ್ಲ ಅಂತ ನಂಬಲು ಕಾರಣ ಇದೆ, ಜಾಮೀನಿನ ಮೇಲೆ ಹೊರಗಿದ್ದಾಗ ಅಪರಾಧ ಮಾಡಲಾರ ಅಂತ ಕೋರ್ಟಿಗೆ ಅನ್ನಿಸದೆ ಜಾಮೀನು ಇಲ್ಲ. ವಿಚಾರಣೆ ಶುರುವಾಗುವ ಮೊದಲೇ ಇದನ್ನು ದಾಟಬೇಕು.

ಹಾಗಾದರೆ ತೂಗಬೇಕಾದದ್ದು ಏನನ್ನು?

2008ರಲ್ಲಿ ಇ. ಮೈಕೆಲ್ ರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಶುದ್ಧ ಡ್ರಗ್ ಎಷ್ಟಿದೆಯೋ ಅಷ್ಟನ್ನೇ ಲೆಕ್ಕ ಹಿಡಿಯಬೇಕು ಅಂದಿತ್ತು. ಅಲ್ಲಿ ಸಿಕ್ಕಿದ್ದು 4 ಕೆಜಿಯಷ್ಟು ಪುಡಿ, ಅದರಲ್ಲಿ ಹೆರಾಯಿನ್ ಸುಮಾರು 60 ಗ್ರಾಂ. ಸರ್ಕಾರ 2009ರ ನವೆಂಬರ್ 18ರಂದು ಅಧಿಸೂಚನೆ ಹೊರಡಿಸಿ, ಇಡೀ ಮಿಶ್ರಣದ ತೂಕವನ್ನೇ ನೋಡಬೇಕು ಅಂತ ಬದಲಾಯಿಸಿತು. 2020ರ ಏಪ್ರಿಲ್ 22ರಂದು ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ನಿಲುವನ್ನೇ ಎತ್ತಿಹಿಡಿದು ಹಳೆಯ ತೀರ್ಪನ್ನು ತಳ್ಳಿಹಾಕಿತು. ಹೆರಾಯಿನ್‌ಗೆ ಈ ವಾದ ನನಗೂ ಅರ್ಥವಾಗುತ್ತದೆ. ಮಾರುವವನು ಬೆರಕೆ ಮಾಡಿಯೇ ಮಾರುತ್ತಾನೆ, ಕೊಳ್ಳುವವನ ದೇಹಕ್ಕೆ ಹೋಗುವುದೂ ಆ ಬೆರಕೆಯೇ.

ಆದರೆ ಕಾಗದ? ಅದು ಮಿಶ್ರಣವೋ, ಸುಮ್ನೆ ಹೊತ್ತುಕೊಂಡು ಬರುವ ಪಾತ್ರೆಯೋ? ಬಾಂಬೆ ಹೈಕೋರ್ಟ್ 2021ರಲ್ಲಿ ಬ್ಲಾಟರ್ ಕಾಗದವೂ (ಎಲ್‌ಎಸ್‌ಡಿ ಹೀರಿಸಿದ ಕಾಗದ) ಲೆಕ್ಕಕ್ಕೆ ಸೇರಬೇಕು ಅಂತ ಹೇಳಿತು.

ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿಗೆ 1991ರಲ್ಲೇ ಹೋಗಿತ್ತು, ಚಾಪ್‌ಮನ್ ಪ್ರಕರಣದಲ್ಲಿ. ಸಿಕ್ಕಿದ್ದು 1000 ಡೋಸ್. ಕಾಗದ ಸೇರಿ ತೂಕ 5.7 ಗ್ರಾಂ, ಶುದ್ಧ ಎಲ್‌ಎಸ್‌ಡಿ 50 ಮಿಲಿಗ್ರಾಂ ಮಾತ್ರ. 1 ಗ್ರಾಂ ದಾಟಿದರೆ ಕನಿಷ್ಠ 5 ವರ್ಷ ಜೈಲು ಅನ್ನೋದು ಅಲ್ಲಿನ ಕಾನೂನು. 7-2 ಬಹುಮತದಲ್ಲಿ ಕೋರ್ಟು ಕಾಗದವನ್ನೂ ಸೇರಿಸಿತು: ಎಲ್‌ಎಸ್‌ಡಿ ಕಾಗದದ ಎಳೆಯೊಳಗೆ ಹೀರಿಕೊಂಡಿದೆ, ಆದ್ದರಿಂದ ಅದು ಮಿಶ್ರಣ, ಗಾಜಿನ ಬಾಟಲಿ ಮಾತ್ರ ಹಾಗಲ್ಲ. ಒಪ್ಪದ ನ್ಯಾಯಮೂರ್ತಿ ಸ್ಟೀವನ್ಸ್ ಎತ್ತಿದ ಮಾತು ಗಟ್ಟಿಯಾಗಿತ್ತು. 100 ಡೋಸ್ ಶುದ್ಧವಾಗಿದ್ದರೆ 5 ಮಿಲಿಗ್ರಾಂ, ಅದನ್ನೇ ಸಕ್ಕರೆ ಗಟ್ಟಿಯ ಮೇಲೆ ಹಾಕಿದರೆ 227 ಗ್ರಾಂ. ಅಪರಾಧ ಒಂದೇ, ಶಿಕ್ಷೆ ಮಾತ್ರ ಎಷ್ಟೋ ಪಟ್ಟು. ಇದರ ಬಿಸಿ ತಟ್ಟಿ 1993ರಲ್ಲಿ ಅಲ್ಲಿನ ಶಿಕ್ಷಾ ಆಯೋಗ ತನ್ನ ಮಾರ್ಗಸೂಚಿಯಲ್ಲಿ ಕಾಗದ ಬಿಟ್ಟು ಪ್ರತಿ ಡೋಸಿಗೆ 0.4 ಮಿಲಿಗ್ರಾಂ ಅಂತ ಲೆಕ್ಕ ಹಿಡಿಯಿತು. ಕನಿಷ್ಠ ಶಿಕ್ಷೆಯ ವಿಷಯದಲ್ಲಿ ಮಾತ್ರ ಹಳೆಯ ಲೆಕ್ಕವೇ ಉಳಿಯುತ್ತದೆ ಅಂತ 1996ರಲ್ಲಿ ನೀಲ್ ಪ್ರಕರಣದಲ್ಲಿ ಕೋರ್ಟು ಹೇಳಿತು.

ಈಗ ಚಾಪ್‌ಮನ್ ಪ್ರಕರಣದ ಕಾಗದವನ್ನೇ ನಮ್ಮ ಪಟ್ಟಿಯ ಮೇಲೆ ಇಟ್ಟು ನೋಡೋಣ. ಪೆನ್ನು ಹಿಡಿದು ನೀವೂ ಮಾಡಿ. ಒಂದು ಡೋಸ್ ಇರುವ ಒಂದು ಚೂರು ಕಾಗದದ ತೂಕ 5.7 ಮಿಲಿಗ್ರಾಂ, ಅದರಲ್ಲಿ ಎಲ್‌ಎಸ್‌ಡಿ 0.05 ಮಿಲಿಗ್ರಾಂ. ನಮ್ಮ ಸಣ್ಣ ಪ್ರಮಾಣದ ಮಿತಿ 2 ಮಿಲಿಗ್ರಾಂ. ಅಂದರೆ ಕಾಗದ ಸೇರಿಸಿದರೆ ಒಂದೇ ಒಂದು ಚೂರು ಸಾಕು, ಸಣ್ಣ ಪ್ರಮಾಣ ದಾಟಿಹೋಯಿತು! 18 ಚೂರಿಗೆ 102.6 ಮಿಲಿಗ್ರಾಂ, ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ಆ 18ರಲ್ಲಿರುವ ಶುದ್ಧ ಎಲ್‌ಎಸ್‌ಡಿ 0.9 ಮಿಲಿಗ್ರಾಂ, ಅದು ಸಣ್ಣ ಪ್ರಮಾಣದ ಒಳಗೇ ಬರುತ್ತದೆ. ದಪ್ಪ ಕಾಗದವಾದರೆ ಇನ್ನೂ ಕಡಿಮೆ ಚೂರು ಸಾಕು. 2 ಮಿಲಿಗ್ರಾಂ ಅನ್ನೋ ಮಿತಿ ಶುದ್ಧ ವಸ್ತುವಿಗೆ ಹೊಂದುತ್ತದೆ, 100 ಮೈಕ್ರೋಗ್ರಾಂನಂತೆ ಅದು 20 ಡೋಸ್. ತೂಗುವ ರೀತಿ ಬದಲಾದಾಗ ಮಿತಿ ಬದಲಾಗಲಿಲ್ಲ. ಇದು ಕಾನೂನಿನ ದೊಡ್ಡ ಲೋಪ ಅಂತಲೇ ನನ್ನ ಅಭಿಪ್ರಾಯ. ಬೆಂಗಳೂರಿನಲ್ಲಿ ಇಷ್ಟು ಎಲ್‌ಎಸ್‌ಡಿ ಸ್ಟ್ರಿಪ್ (ಕಾಗದದ ಚೂರು) ವಶ ಅಂತ ಸುದ್ದಿ ಓದುವಾಗ ಸ್ಟ್ರಿಪ್ ಎಣಿಕೆ ಬಿಟ್ಟು ತೂಕ ಎಷ್ಟು ಬರೆದಿದ್ದಾರೆ, ಹೇಗೆ ತೂಗಿದ್ದಾರೆ ಅಂತ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಇಷ್ಟು ಹೇಳಿದೆ ಅಂತ ಡ್ರಗ್ ನಿರಪಾಯ ಅಂದುಕೊಳ್ಳಬೇಡಿ. ಗಾಬರಿ ಹಿಡಿದು ಅಪಘಾತ ಮಾಡಿಕೊಂಡವರಿದ್ದಾರೆ, ಮನೋರೋಗದ ಒಲವು ಇರುವವರಲ್ಲಿ ಅದು ಕೆರಳಬಹುದು, ಕೆಲವರಿಗೆ ದೃಷ್ಟಿಯ ತೊಂದರೆ ತಿಂಗಳುಗಟ್ಟಲೆ ಉಳಿಯುತ್ತದೆ. ಎಲ್‌ಎಸ್‌ಡಿ ಅಂತ ಹೇಳಿ 25ಐ-ಎನ್‌ಬಿಒಎಂಇ ಎಂಬ ಬೇರೆಯದನ್ನೇ ಕಾಗದಕ್ಕೆ ಹಾಕಿ ಮಾರುತ್ತಾರೆ, ಅದರಿಂದ ಸಾವುಗಳೇ ಆಗಿವೆ. 2015ರಲ್ಲಿ ಅದನ್ನೂ ವಿಶ್ವಸಂಸ್ಥೆಯ ಒಂದನೇ ಶೆಡ್ಯೂಲ್‌ಗೆ ಸೇರಿಸಿದರು.

ಹೊರಗಡೆ ಈಗಿನ ಸ್ಥಿತಿ ಎರಡು ಮಾತಿನಲ್ಲಿ: ಬ್ರಿಟನ್ನಿನಲ್ಲಿ ಕ್ಲಾಸ್ ಎ, ಅಂದರೆ ಅತಿ ಕಠಿಣ ಶಿಕ್ಷೆಯ ವರ್ಗ. ಸ್ವಿಟ್ಜರ್ಲೆಂಡಿನಲ್ಲಿ ವಿಶೇಷ ಅನುಮತಿ ಪಡೆದ ವೈದ್ಯರು ಕೆಲವು ರೋಗಿಗಳಿಗೆ ಕೊಡಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ಆತಂಕದ ಕಾಯಿಲೆಗೆ ತಯಾರಾಗುತ್ತಿರುವ ಒಂದು ಎಲ್‌ಎಸ್‌ಡಿ ಔಷಧಕ್ಕೆ ತ್ವರಿತ ಪರಿಶೀಲನೆಯ ಮಾನ್ಯತೆ ಕೊಟ್ಟಿತು. ಅದು ಮಾರಾಟದ ಅನುಮತಿ ಅಲ್ಲ.

ಕೊನೆಯದಾಗಿ ಸೆಕ್ಷನ್ 27 ಮತ್ತು 64ಎ. ಸೇವನೆಗೆ 27ರಲ್ಲಿ ಬೇರೆಯೇ ಶಿಕ್ಷೆ ಇದೆ, ಕೆಲವು ವಸ್ತುಗಳಿಗೆ 1 ವರ್ಷದವರೆಗೆ, ಉಳಿದವಕ್ಕೆ 6 ತಿಂಗಳವರೆಗೆ. 64ಎ ಒಳ್ಳೆಯ ಉದ್ದೇಶದ ಸೆಕ್ಷನ್: 27ರ ಆರೋಪ ಅಥವಾ ಸಣ್ಣ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪೂರೈಸಿದರೆ ಅವರ ಮೇಲೆ ಕೇಸು ನಡೆಯುವುದಿಲ್ಲ. ಎಲ್‌ಎಸ್‌ಡಿಗೆ ಇದು ಎರಡು ಕಡೆ ಕೈಕೊಡುತ್ತದೆ. ಒಂದೇ ಚೂರು ಸಣ್ಣ ಪ್ರಮಾಣ ದಾಟಿದರೆ ಇಟ್ಟುಕೊಂಡ ಆರೋಪಕ್ಕೆ 64ಎ ಸಿಗುವುದಿಲ್ಲ. ಮತ್ತೆ ಕಾಯ್ದೆಯ ಪ್ರಕಾರ ವ್ಯಸನಿ ಅಂದರೆ ಆ ವಸ್ತುವಿಗೆ ಅವಲಂಬಿತರಾದವರು, ಆದರೆ ಎಲ್‌ಎಸ್‌ಡಿ ಹೆರಾಯಿನ್ ಥರ ದೈಹಿಕ ಅವಲಂಬನೆ ಉಂಟುಮಾಡುವುದಿಲ್ಲ. ಹೀಗಾಗಿ ಒಂದು ಚೂರಿನೊಂದಿಗೆ ಸಿಕ್ಕಿಬಿದ್ದ 19 ವರ್ಷದ ವಿದ್ಯಾರ್ಥಿ ಚಿಕಿತ್ಸೆಗೆ ತಯಾರಿದ್ದರೂ ಈ ರಕ್ಷಣೆ ಕೇಳುವುದು ಕಷ್ಟ, ಇಡೀ ವಾದ ಕಾಗದವನ್ನು ಹೇಗೆ ತೂಗಿದರು ಅನ್ನೋದರ ಮೇಲೆ ಬಂದು ನಿಲ್ಲುತ್ತದೆ.