ಮಿಯುರಾ ಕಾರಿನ ಎಂಜಿನನ್ನು ಅಡ್ಡಲಾಗಿ ಇಟ್ಟದ್ದೇಕೆ?

ಪ್ರಶ್ನೆ: ಲ್ಯಾಂಬೋರ್ಗಿನಿ ಮಿಯುರಾ ಕಾರಿನಲ್ಲಿ ಹನ್ನೆರಡು ಸಿಲಿಂಡರಿನ ಅಷ್ಟು ದೊಡ್ಡ ಎಂಜಿನನ್ನು ಸೀಟಿನ ಬೆನ್ನಿಗೆ, ಅದೂ ಅಡ್ಡಲಾಗಿ ಇಟ್ಟದ್ದು ಏಕೆ? ಅದರಿಂದ ನಿಜವಾಗಿ ಪ್ರಯೋಜನವಾಯಿತೇ, ಅಥವಾ ಅದು ನೋಟಕ್ಕಾಗಿ ಮಾಡಿದ ಏರ್ಪಾಡೇ?

ಉತ್ತರ: ಒಂದೇ ಮಾತಿನಲ್ಲಿ ಹೇಳುವುದಾದರೆ, ಜಾಗ ಸಾಲದೆ ಹಾಗೆ ಇಟ್ಟರು. ಎಂಜಿನ್ ನಡುವಿಗೆ ಬರಬೇಕು, ಇಬ್ಬರು ಆರಾಮವಾಗಿ ಕೂರಬೇಕು, ಕಾರು ಉದ್ದವಾಗಬಾರದು ಎಂಬ ಮೂರು ಬೇಡಿಕೆಗಳು ಒಟ್ಟಿಗೆ ಎದುರಾದಾಗ, ಎಂಜಿನನ್ನು ತಿರುಗಿಸಿ ಇಡುವುದನ್ನು ಬಿಟ್ಟರೆ ಸುಲಭವಾದ ಬೇರೆ ದಾರಿ ಇರಲಿಲ್ಲ. ನೋಟ ಆಮೇಲೆ ಬಂದದ್ದು. ಆದರೆ ಆ ನೋಟಕ್ಕೆ ಈ ಜೋಡಣೆಯೇ ಮೂಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಿಯುರಾದ ಚೆಲುವನ್ನು ಹೊಗಳುವವರು ಹೊರಗಿನ ತಗಡನ್ನಷ್ಟೇ ನೋಡಿ ಹೊಗಳುತ್ತಾರೆ. ಆ ತಗಡಿನ ಒಂದೊಂದು ತಿರುವಿಗೂ ಒಳಗಿನಿಂದ ಬಂದ ಕಾರಣವಿದೆ.

ಅಡ್ಡ, ಉದ್ದ ಎಂದರೇನು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿ ನೋಡಿದವರಿಗೆ ಅದರ ಎಂಜಿನ್ ಕಾರಿನ ಮೂಗಿನಿಂದ ಡ್ರೈವರಿನ ಕಡೆಗೆ ಉದ್ದಕ್ಕೆ ಮಲಗಿರುವುದು ನೆನಪಿರುತ್ತದೆ. ಗೇರ್‌ಬಾಕ್ಸ್ ಅದರ ಹಿಂದೆ, ಅಲ್ಲಿಂದ ಒಂದು ಶಾಫ್ಟ್ ಹಿಂದಿನ ಚಕ್ರಗಳವರೆಗೆ. ಮಾರುತಿ 800ರಲ್ಲಿ ಎಂಜಿನ್ ಎಡಗಡೆಯಿಂದ ಬಲಗಡೆಗೆ, ಅಂದರೆ ಅಡ್ಡಲಾಗಿ ಕೂತಿತ್ತು. ಅದರಿಂದಲೇ ಅಷ್ಟು ಚಿಕ್ಕ ಕಾರಿನೊಳಗೆ ನಾಲ್ಕು ಜನರಿಗೆ ಎಡೆ ಸಿಕ್ಕಿತು. ಈ ಉಪಾಯವನ್ನು ಜಗತ್ತಿಗೆ ಮನವರಿಕೆ ಮಾಡಿಕೊಟ್ಟದ್ದು 1959ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಬ್ರಿಟನ್ನಿನ ಮಿನಿ ಕಾರು. ಎಂಜಿನ್ ಅಡ್ಡಲಾಗಿ, ಗೇರ್‌ಬಾಕ್ಸ್ ಅದರ ಅಡಿಯಲ್ಲಿ, ಎರಡಕ್ಕೂ ಒಂದೇ ಎಣ್ಣೆ. ಬಡವರ, ಮಧ್ಯಮ ವರ್ಗದವರ ಕಾರಿಗೆಂದು ಹುಟ್ಟಿದ ಈ ಉಪಾಯವು ಆರೇ ವರ್ಷಗಳಲ್ಲಿ ಇಟಲಿಯ ಅತಿ ದುಬಾರಿ ಕಾರೊಂದರ ಹೊಟ್ಟೆ ಸೇರಿದ್ದು ವಾಹನಗಳ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ.

ಫೆರುಚ್ಚೋ ಲ್ಯಾಂಬೋರ್ಗಿನಿ ಮೂಲತಃ ಟ್ರ್ಯಾಕ್ಟರ್ ತಯಾರಕ. ರೈತ ಕುಟುಂಬದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದ ನಂತರ ಟ್ರ್ಯಾಕ್ಟರ್ ಉದ್ಯಮದಲ್ಲಿ ಹಣ ಗಳಿಸಿ, 1963ರಲ್ಲಿ ಬೊಲೊನ್ಯಾ ಮತ್ತು ಮೊದೆನಾ ನಗರಗಳ ನಡುವಿನ ಸಾಂತಾಗಾತಾ ಬೊಲೊನ್ಯೇಸೆ ಎಂಬ ಊರಿನಲ್ಲಿ ಕಾರು ಕಾರ್ಖಾನೆ ತೆರೆದವರು. ಫೆರಾರಿಯಲ್ಲಿ ಕೆಲಸ ಮಾಡಿದ್ದ ಜೊತ್ತೋ ಬಿಝಾರಿನಿ ಅವರಿಂದ ಹನ್ನೆರಡು ಸಿಲಿಂಡರಿನ ಎಂಜಿನ್ ರೂಪಿಸಿಕೊಂಡರು. ಮೊದಲು ಬಂದ 350 ಜಿಟಿ, ಆಮೇಲೆ ಬಂದ 400 ಜಿಟಿ ಎರಡೂ ಎಂಜಿನ್ ಮುಂದಿರುವ, ದೂರದ ಪ್ರಯಾಣಕ್ಕೆ ಒದಗುವ ಸುಸಂಸ್ಕೃತ ಕಾರುಗಳು. ಫೆರುಚ್ಚೋ ಅವರಿಗೆ ಬೇಕಿದ್ದದ್ದೂ ಅದೇ. ರೇಸಿಗೆ ಹಣ ಸುರಿಯಲು ಅವರು ಸಿದ್ಧರಿರಲಿಲ್ಲ.

ಅವರ ಬಳಿ ಕೆಲಸಕ್ಕಿದ್ದ ಹುಡುಗರ ಮನಸ್ಸು ಮಾತ್ರ ರೇಸಿನಲ್ಲೇ ಇತ್ತು. ಮುಖ್ಯ ಎಂಜಿನಿಯರ್ ಜಾನ್ ಪಾವೊಲೋ ದಲ್ಲಾರಾ, ಅವರ ಜೊತೆಗಾರ ಪಾವೊಲೋ ಸ್ಟಾಂಜಾನಿ, ನ್ಯೂಜಿಲೆಂಡಿನಿಂದ ಬಂದಿದ್ದ ಟೆಸ್ಟ್ ಡ್ರೈವರ್ ಬಾಬ್ ವ್ಯಾಲೇಸ್ — 1965ರಲ್ಲಿ ಮೂವರಲ್ಲಿ ಒಬ್ಬರಿಗೂ ಮೂವತ್ತು ತುಂಬಿರಲಿಲ್ಲ. ರೇಸ್ ಟ್ರ್ಯಾಕಿನಲ್ಲಿ ಆ ಹೊತ್ತಿಗೆ ಎಂಜಿನ್ ಡ್ರೈವರಿನ ಬೆನ್ನ ಹಿಂದಕ್ಕೆ ಬಂದಾಗಿತ್ತು. ಫಾರ್ಮುಲಾ ಒನ್ ಕಾರುಗಳೂ, ಫೋರ್ಡ್ ಜಿಟಿ40 ಮತ್ತು ಫೆರಾರಿ 250 ಎಲ್ಎಂ ಮೊದಲಾದ ದೂರದ ಓಟದ ಕಾರುಗಳೂ ಹಾಗೆಯೇ ಇದ್ದವು. ಅದರ ಕಾರಣ ತಿಳಿಯಲು ಕಾವಡಿ ಹೊತ್ತವನನ್ನು ನೆನೆದುಕೊಂಡರೆ ಸಾಕು. ಕೋಲಿನ ಎರಡು ತುದಿಗೂ ತುಂಬಿದ ಕೊಡ ಕಟ್ಟಿಕೊಂಡು ಹೋಗುವವನು ಥಟ್ಟನೆ ಪಕ್ಕಕ್ಕೆ ತಿರುಗಲಾರ. ಅವೇ ಕೊಡಗಳನ್ನು ಮೈಗೆ ಒತ್ತಿ ಹಿಡಿದವನು ತಿರುಗಬಲ್ಲ. ಕಾರಿನ ಅತ್ಯಂತ ಭಾರದ ವಸ್ತುವಾದ ಎಂಜಿನ್ ಎರಡು ಜೊತೆ ಚಕ್ರಗಳ ನಡುವೆ ಬಂದರೆ ಕಾರು ತಿರುವಿನಲ್ಲಿ ಚುರುಕಾಗುತ್ತದೆ, ನೂಕುವ ಹಿಂದಿನ ಚಕ್ರಗಳ ಮೇಲೆ ಭಾರವೂ ಬೀಳುತ್ತದೆ. ಹೀಗೆ ಎಂಜಿನ್ ನಡುವಿಗೆ ಬಂದ ರಸ್ತೆಯ ಕಾರು ಮಿಯುರಾವೇ ಮೊದಲು ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ಫ್ರಾನ್ಸಿನ ರೆನೆ ಬೊನೆ ಅವರ ಜೆಟ್ 1962ರಲ್ಲೇ ಬಂದಿತ್ತು. ಹನ್ನೆರಡು ಸಿಲಿಂಡರಿನ ದೊಡ್ಡ ಎಂಜಿನನ್ನು ನಡುವೆ ಇಟ್ಟು, ಅದನ್ನು ನೂರಾರು ಗಿರಾಕಿಗಳಿಗೆ ಮಾರಿದ್ದು ಮಿಯುರಾದ ಹೊಸತನ.

ಈಗ ಅಳತೆಗೆ ಬರೋಣ. ಎಂಜಿನ್ ಗಾತ್ರ 3929 ಸಿಸಿ, ಸಿಲಿಂಡರಿನ ಒಳವ್ಯಾಸ 82 ಮಿಲಿಮೀಟರ್, ಪಿಸ್ಟನ್ ಓಡುವ ದೂರ 62 ಮಿಲಿಮೀಟರ್. ಇಂಗ್ಲಿಷಿನ ವಿ ಅಕ್ಷರದಂತೆ ಅಗಲಿದ ಎರಡು ಸಾಲುಗಳಲ್ಲಿ ಆರಾರು ಸಿಲಿಂಡರ್. ಒಂದು ಸಾಲಿನ ಆರು ರಂಧ್ರಗಳನ್ನು ನಡುವೆ ಗೋಡೆಯೇ ಇಲ್ಲದಂತೆ ತಾಗಿಸಿ ಇಟ್ಟರೂ 492 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಅರ್ಧ ಮೀಟರ್ ಆಗುತ್ತದೆ. ಅದಕ್ಕೆ ಸಿಲಿಂಡರುಗಳ ನಡುವಿನ ಗೋಡೆ, ನೀರು ಹರಿಯುವ ಸಂದು, ಒಂದು ತುದಿಯಲ್ಲಿ ಕ್ಯಾಮ್‌ಶಾಫ್ಟ್ ತಿರುಗಿಸುವ ಚೈನುಗಳು, ಇನ್ನೊಂದು ತುದಿಯಲ್ಲಿ ಫ್ಲೈವೀಲ್ ಮತ್ತು ಕ್ಲಚ್ ಸೇರಬೇಕು; ಅದರ ಹಿಂದೆ ಐದು ಗೇರಿನ ಗೇರ್‌ಬಾಕ್ಸ್ ಬರಬೇಕು. ಮಿಯುರಾದ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರವೇ ಸುಮಾರು ಎರಡೂವರೆ ಮೀಟರ್. ಅದರೊಳಗೆ ಇಬ್ಬರ ಕಾಲು, ಸೀಟು, ಬೆನ್ನಿನ ಒರಗು ಎಲ್ಲವೂ ಹಿಡಿಯಬೇಕು. ಇಷ್ಟು ಉದ್ದದ ಎಂಜಿನನ್ನು ಉದ್ದಕ್ಕೆ ಮಲಗಿಸಿದರೆ ಕೂರುವವರನ್ನು ಮುಂದಿನ ಚಕ್ರಗಳ ಮೇಲೆ ತಳ್ಳಬೇಕಾಗುತ್ತಿತ್ತು, ಇಲ್ಲವೇ ಕಾರಿನ ಬಾಲ ಬೆಳೆಯುತ್ತಿತ್ತು. ಅಡ್ಡಲಾಗಿ ತಿರುಗಿಸಿದರೆ ಅಡಚಣೆ ತಾನಾಗಿ ಕರಗುತ್ತದೆ, ಏಕೆಂದರೆ ಕಾರಿನ ಅಗಲ ಸುಮಾರು 1.76 ಮೀಟರ್ ಇತ್ತು. ಎಂಜಿನಿನ ಉದ್ದ ಆ ಅಗಲದೊಳಗೆ ಅಡಗಿತು. ಹನ್ನೆರಡು ಸಿಲಿಂಡರಿನ ಎಂಜಿನ್ ಅಡ್ಡಲಾಗಿ ಕೂರಬಲ್ಲದು ಎಂಬುದನ್ನು ಹೋಂಡಾ ಅದೇ ವರ್ಷಗಳಲ್ಲಿ ತನ್ನ ಒಂದೂವರೆ ಲೀಟರಿನ ಫಾರ್ಮುಲಾ ಒನ್ ಕಾರಿನಲ್ಲಿ ತೋರಿಸಿತ್ತು. ದಲ್ಲಾರಾ ತಂಡ ಮಿಯುರಾಕ್ಕೆ ಕೂರಿಸಿದ ಎಂಜಿನ್ ಅದರ ಎರಡೂವರೆ ಪಟ್ಟಿಗಿಂತಲೂ ದೊಡ್ಡದು.

ಗೇರ್‌ಬಾಕ್ಸನ್ನು ಅವರು ಮಿನಿಯಂತೆ ಎಂಜಿನಿನ ಅಡಿಯಲ್ಲಿ ಇಡಲಿಲ್ಲ. ಹಾಗೆ ಮಾಡಿದ್ದರೆ ಎಂಜಿನ್ ಮೇಲೇರಿ ಕಾರಿನ ಎತ್ತರ ಹೆಚ್ಚುತ್ತಿತ್ತು. ಅದರ ಬದಲು ಎಂಜಿನಿನ ಹಿಂದೆ, ಅದಕ್ಕೆ ಸಮಾನಾಂತರವಾಗಿ ಇಟ್ಟು, ಎಂಜಿನ್, ಗೇರ್‌ಬಾಕ್ಸ್, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೂರಕ್ಕೂ ಸೇರಿದ ಕವಚವನ್ನು ಹಗುರ ಲೋಹದಲ್ಲಿ ಒಂದೇ ಎರಕವಾಗಿ ಎರೆಸಿದರು. ಮೂರಕ್ಕೂ ಒಂದೇ ಎಣ್ಣೆ. ಈ ಇಡೀ ಗಂಟನ್ನು ಹೊತ್ತ ಚಾಸಿಸ್ ಉಕ್ಕಿನ ತೆಳು ತಗಡನ್ನು ಮಡಚಿ ಮಾಡಿದ ಪೆಟ್ಟಿಗೆ. ತೂಕ ಇಳಿಸಲು ಅದರ ಮೈತುಂಬ ದುಂಡನೆಯ ತೂತುಗಳು. ಕಾರಿನ ಮೊದಲ ಹೆಸರು ಪಿ400: ಎಂಜಿನ್ ಹಿಂಬದಿಯಲ್ಲಿದೆ ಎನ್ನಲು ‘ಪೊಸ್ತೆರಿಯೋರೆ’ ಎಂಬ ಇಟಾಲಿಯನ್ ಪದದ ಮೊದಲಕ್ಷರ, ನಾಲ್ಕು ಲೀಟರ್ ಎನ್ನಲು 400.

1965ರ ನವೆಂಬರಿನಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಲ್ಯಾಂಬೋರ್ಗಿನಿ ಈ ಚಾಸಿಸನ್ನು ಬರಿಮೈಯಲ್ಲೇ ಇಟ್ಟಿತು. ಮೇಲೆ ಒಂದು ತುಂಡು ತಗಡಿಲ್ಲ. ಅಡ್ಡಲಾಗಿ ಕೂತ ಎಂಜಿನ್, ಅದರ ನೆತ್ತಿಯ ಮೇಲೆ ಆಕಾಶಕ್ಕೆ ಬಾಯಿ ತೆರೆದ ಹನ್ನೆರಡು ಕಾರ್ಬ್ಯುರೇಟರ್ ಕೊಳವೆಗಳು (ಕಾರ್ಬ್ಯುರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಸಾಧನ). ಜನ ಅದರ ಸುತ್ತ ನೆರೆದರು. ಅದಕ್ಕೆ ಮೈ ಹೊದಿಸುವ ಕೆಲಸ ಟ್ಯೂರಿನ್ನಿನ ಬೆರ್ಟೋನೆ ಸಂಸ್ಥೆಗೆ ಸಿಕ್ಕಿತು. ಆ ಸಂಸ್ಥೆಯ ವಿನ್ಯಾಸಗಾರ ಜೊರ್ಜೆತ್ತೋ ಜುಜಾರೋ ಆಗಷ್ಟೇ ಹೊರಗೆ ಹೋಗಿದ್ದರು; ಅವರ ಜಾಗಕ್ಕೆ ಬಂದ ಇಪ್ಪತ್ತೇಳರ ಮಾರ್ಚೆಲ್ಲೋ ಗಾಂಡೀನಿ ಕೆಲವೇ ತಿಂಗಳಲ್ಲಿ ಕಾರನ್ನು ರೂಪಿಸಿ ಮುಗಿಸಿದರು. ಜುಜಾರೋ ಅವರ ಪಾಲೆಷ್ಟು, ಗಾಂಡೀನಿ ಅವರ ಪಾಲೆಷ್ಟು ಎಂಬ ವಾದ ದಶಕಗಳ ಕಾಲ ನಡೆಯಿತು. ಬೆರ್ಟೋನೆಯಲ್ಲಿ ಜುಜಾರೋ ಬಿಟ್ಟುಹೋದ ಶೈಲಿಯ ನೆರಳು ಇದರಲ್ಲಿ ಇರಬಹುದು, ಆದರೆ ಈ ಕಾರು ಗಾಂಡೀನಿ ಅವರದ್ದೆಂದೇ ನಾನು ಎಣಿಸುತ್ತೇನೆ. 1966ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನಕ್ಕೆ ಕಿತ್ತಳೆ ಬಣ್ಣದ ಕಾರು ಬಂದಿತು. ಹೆಸರು ಮಿಯುರಾ, ಕಾಳಗದ ಗೂಳಿಗಳನ್ನು ಸಾಕುವ ಸ್ಪೇನಿನ ಒಂದು ಮನೆತನದ ಹೆಸರು ಅದು. ವೃಷಭ ರಾಶಿಯಲ್ಲಿ ಹುಟ್ಟಿ, ಗೂಳಿಯನ್ನೇ ಲಾಂಛನ ಮಾಡಿಕೊಂಡಿದ್ದ ಫೆರುಚ್ಚೋ ಅವರಿಗೆ ಒಪ್ಪುವ ಹೆಸರು.

ವಿನ್ಯಾಸವನ್ನು ಈಗ ಹತ್ತಿರದಿಂದ ನೋಡೋಣ. ಮುಂದೆ ಎಂಜಿನ್ ಇಲ್ಲದ ಕಾರಣ ಮೂಗನ್ನು ನೆಲದ ಹತ್ತಿರಕ್ಕೆ ಇಳಿಸಲು ಸಾಧ್ಯವಾಯಿತು. ಕಾರಿನ ಒಟ್ಟು ಎತ್ತರವೇ ಸುಮಾರು 1.05 ಮೀಟರ್. ಅಷ್ಟು ತಗ್ಗಿದ ಮೂಗಿನಲ್ಲಿ ದೀಪ ನಿಲ್ಲಿಸಲು ಎಡೆ ಸಾಲದು. ಆದ್ದರಿಂದ ಗಾಂಡೀನಿ ದೀಪಗಳನ್ನು ಬಾನೆಟ್ಟಿನ ಇಳಿಜಾರಿನಲ್ಲೇ ಅಂಗಾತ ಮಲಗಿಸಿದರು. ಸ್ವಿಚ್ ಒತ್ತಿದಾಗ ಅವು ತಲೆ ಎತ್ತುತ್ತವೆ. ದೀಪವನ್ನು ಸುತ್ತುವರಿದ ಕಪ್ಪು ಗೀರುಗಳನ್ನು ಜನ ಕಣ್ಣಿನ ರೆಪ್ಪೆಗೂದಲು ಎಂದೇ ಕರೆದರು. ಗಾಜು ಮಾತ್ರ ಫಿಯೆಟ್ 850 ಸ್ಪೈಡರ್ ಎಂಬ ಸಾಮಾನ್ಯ ಕಾರಿನಿಂದ ತಂದದ್ದು. ಬಾಗಿಲಿನ ಹಿಂದೆ ಎಂಜಿನಿಗೆ ಗಾಳಿ ಎಳೆಯುವ ಪಟ್ಟಿಗಳಿವೆ. ಬಾಗಿಲಿನ ಹಿಡಿಯನ್ನು ಅದೇ ಸಾಲಿನಲ್ಲಿ ಅಡಗಿಸಿದ್ದರಿಂದ ಮೊದಲ ಸಲ ನೋಡುವವರಿಗೆ ಅದು ಕಾಣುವುದೇ ಇಲ್ಲ. ಕಾರಿನ ಹಿಂಬದಿಗೆ ಗಾಜು ಹೊದಿಸಿದರೆ ಎಂಜಿನಿನ ಬಿಸಿ ಒಳಗೇ ಉಳಿಯುತ್ತದೆ; ಅದಕ್ಕೆಂದೇ ಕಿಟಕಿಯ ಪರದೆಯಂತೆ ಓರೆಯಾಗಿ ಜೋಡಿಸಿದ ಕಪ್ಪು ಪಟ್ಟಿಗಳು. ಅವುಗಳ ಸಂದಿನಿಂದ ಬಿಸಿ ಹೊರಹೋಗುತ್ತದೆ, ಡ್ರೈವರಿಗೆ ಹಿಂದಿನ ರಸ್ತೆಯೂ ಅಷ್ಟಿಷ್ಟು ಕಾಣುತ್ತದೆ. ಮುಂದಿನ ಮತ್ತು ಹಿಂದಿನ ಮೈ ಎರಡೂ ಒಂದೊಂದೇ ತುಂಡಾಗಿ, ಚಿಪ್ಪಿನಂತೆ ಮೇಲಕ್ಕೆ ತೆರೆದುಕೊಳ್ಳುತ್ತವೆ. ಹಾಗೆ ತೆರೆಯದಿದ್ದರೆ ಅಷ್ಟು ಒತ್ತಾಗಿ ಜೋಡಿಸಿದ ಯಂತ್ರಕ್ಕೆ ಮೆಕ್ಯಾನಿಕ್ಕಿನ ಕೈ ಹೋಗುವಂತಿರಲಿಲ್ಲ.

ಪ್ರಶ್ನೆಯ ಎರಡನೆಯ ಭಾಗಕ್ಕೆ ಬಂದರೆ, ಪ್ರಯೋಜನವಾಯಿತು, ಆದರೆ ಅದಕ್ಕೆ ಬೆಲೆಯನ್ನೂ ತೆರಬೇಕಾಯಿತು. 350 ಅಶ್ವಶಕ್ತಿಯ ಎಂಜಿನ್ ಮತ್ತು ಕೂತವರ ತಲೆಯ ನಡುವೆ ಇದ್ದದ್ದು ನೆಟ್ಟಗೆ ನಿಲ್ಲಿಸಿದ ಒಂದು ಗಾಜು. ಸದ್ದು ಮತ್ತು ಬಿಸಿ ಎರಡೂ ಒಳಗೆ ಬರುತ್ತಿದ್ದವು. ಗೇರ್‌ಬಾಕ್ಸ್ ಎಂಜಿನಿನ ಆಚೆ ಇದ್ದುದರಿಂದ ಗೇರ್ ರಾಡಿನಿಂದ ಅಲ್ಲಿಯವರೆಗೆ ಉದ್ದದ ಸರಳು ಹಾಯಬೇಕಿತ್ತು. ಗೇರ್ ಬದಲಿಸುವುದು ತೋಳಿಗೆ ಶ್ರಮದ ಕೆಲಸವಾಯಿತು. ಎಣ್ಣೆ ಒಂದೇ ಆದ ಕಾರಣ ಗೇರಿನ ಹಲ್ಲುಗಳಿಂದ ಸವೆದ ಲೋಹದ ಚೂರು ಎಂಜಿನಿನ ಬೇರಿಂಗುಗಳವರೆಗೆ ಹೋಗುವ ಅಪಾಯವಿತ್ತು. ಎಂಜಿನ್ ಹಿಂದೆ ಬಂದಮೇಲೆ ಪೆಟ್ರೋಲ್ ಟ್ಯಾಂಕನ್ನು ಮುಂದೆ ಇಟ್ಟರು. ಟ್ಯಾಂಕ್ ಖಾಲಿಯಾಗುತ್ತ ಬಂದಂತೆ ಮೂಗು ಹಗುರಾಗಿ, ಹೆಚ್ಚಿನ ವೇಗದಲ್ಲಿ ಮೇಲೇಳುವ ಪ್ರವೃತ್ತಿ ತೋರುತ್ತಿತ್ತು. ಎಲ್ಲಕ್ಕಿಂತ ಗಂಭೀರವಾದದ್ದು ಬೆಂಕಿ. ರೇಸಿನ ಬಗೆಯ ವೆಬರ್ ಕಾರ್ಬ್ಯುರೇಟರುಗಳಲ್ಲಿ ಕಾರು ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಪೆಟ್ರೋಲ್ ಶೇಖರವಾಗುತ್ತಿತ್ತು, ಕೆಳಗಿನ ಬಿಸಿಗೆ ಅದು ಹತ್ತಿಕೊಳ್ಳುತ್ತಿತ್ತು. ಸಿಗ್ನಲ್ಲಿನಲ್ಲಿ ಸುಮ್ಮನೆ ನಿಂತ ಕಾರು ಹೊತ್ತಿ ಉರಿಯುವುದೆಂದರೆ ಅದು ಸಣ್ಣ ದೋಷವಲ್ಲ. ಮಿಯುರಾವನ್ನು ಎಷ್ಟೇ ಪ್ರೀತಿಸುವವರೂ ಇದನ್ನು ಮುಚ್ಚಿಡಬಾರದು.

ತಂಡ ಇವನ್ನು ಒಂದೊಂದಾಗಿ ತಿದ್ದುತ್ತ ಹೋಯಿತು. ಚಾಸಿಸ್ಸಿನ ತಗಡು ದಪ್ಪವಾಯಿತು. 1968ರ ಕೊನೆಗೆ ಬಂದ ಪಿ400 ಎಸ್ 370 ಅಶ್ವಶಕ್ತಿಯದ್ದು. 1971ರ ಜಿನೀವಾ ಪ್ರದರ್ಶನದಲ್ಲಿ ಕಂಡ ಎಸ್‌ವಿ 385 ಅಶ್ವಶಕ್ತಿ, ಅಗಲವಾದ ಹಿಂದಿನ ಟೈರು, ಅದಕ್ಕೆ ತಕ್ಕಂತೆ ಉಬ್ಬಿದ ಹಿಂಬದಿ ಪಡೆಯಿತು. ರೆಪ್ಪೆಗೂದಲು ಮಾತ್ರ ಹೋಯಿತು. ಎಸ್‌ವಿ ತಯಾರಿಕೆಯ ನಡುವೆಯೇ ಎಂಜಿನಿನ ಎಣ್ಣೆಯನ್ನೂ ಗೇರ್‌ಬಾಕ್ಸಿನ ಎಣ್ಣೆಯನ್ನೂ ಬೇರೆ ಮಾಡಿದರು. ಬಳಕೆದಾರನ ದೃಷ್ಟಿಯಿಂದ ಇದೇ ಅತಿ ಮುಖ್ಯ ತಿದ್ದುಪಡಿ ಎಂದು ನನಗನಿಸುತ್ತದೆ. 1973ರಲ್ಲಿ ತಯಾರಿಕೆ ನಿಂತಾಗ ಒಟ್ಟು ಸುಮಾರು 760 ಕಾರುಗಳು ಹೊರಬಂದಿದ್ದವು. ಅತ್ತ ಫೆರಾರಿ 1968ರಲ್ಲೂ ತನ್ನ ದೊಡ್ಡ ಎಂಜಿನನ್ನು ಡೇಟೋನಾ ಕಾರಿನ ಮುಂಭಾಗದಲ್ಲೇ ಇಟ್ಟಿತ್ತು. ಹನ್ನೆರಡು ಸಿಲಿಂಡರನ್ನು ನಡುವೆ ಇಟ್ಟ ಅದರ ರಸ್ತೆಯ ಕಾರು ಗಿರಾಕಿಗಳ ಕೈಸೇರುವಷ್ಟರಲ್ಲಿ ಮಿಯುರಾದ ಕಾಲವೇ ಮುಗಿದಿತ್ತು.

ಅಡ್ಡ ಎಂಜಿನನ್ನು ಲ್ಯಾಂಬೋರ್ಗಿನಿ ಮುಂದಿನ ಹನ್ನೆರಡು ಸಿಲಿಂಡರಿನ ಕಾರಿಗೆ ಉಳಿಸಿಕೊಳ್ಳಲಿಲ್ಲ. ಎಸ್‌ವಿ ಕಂಡ ಅದೇ 1971ರ ಜಿನೀವಾ ಪ್ರದರ್ಶನದಲ್ಲಿ ಗಾಂಡೀನಿ ಅವರದ್ದೇ ವಿನ್ಯಾಸದ ಕೌಂಟಾಶ್ ಕೂಡ ಇತ್ತು. ಅದರ ಹೆಸರಿನಲ್ಲಿದ್ದ ಎಲ್‌ಪಿ ಎಂಬ ಅಕ್ಷರಗಳಿಗೆ ಉದ್ದಕ್ಕೆ, ಹಿಂಬದಿಯಲ್ಲಿ ಎಂದರ್ಥ. ಉದ್ದಕ್ಕೆ ಇಟ್ಟರೆ ಜಾಗ ಸಾಲದೆಂಬ ಹಳೆಯ ತೊಡಕಿಗೆ ಸ್ಟಾಂಜಾನಿ ಬೇರೊಂದು ಉತ್ತರ ಕಂಡುಕೊಂಡಿದ್ದರು. ಎಂಜಿನನ್ನು ಹಿಂದುಮುಂದಾಗಿ ಇಟ್ಟು, ಗೇರ್‌ಬಾಕ್ಸನ್ನು ಅದರ ಮುಂಭಾಗಕ್ಕೆ, ಇಬ್ಬರು ಕೂರುವ ಸೀಟುಗಳ ನಡುವಿಗೆ ತಂದರು. ಉದ್ದದ ಸರಳು ಬೇಕಾಗಲಿಲ್ಲ. ಗೇರ್ ರಾಡ್ ನೇರವಾಗಿ ಗೇರ್‌ಬಾಕ್ಸಿನ ನೆತ್ತಿಯ ಮೇಲೆಯೇ ಬಂದು ನಿಂತಿತು.