ಹಳೆಯ ಸಿಂಥಸೈಜರ್, ಹೊಸ ತಟ್ಟೆ: ಮರುಮುದ್ರಣದ ಗೋಜಲು

ಆಲ್ಬಂ ಒಂದೇ. ಫೋನಿನಲ್ಲಿ ಕೇಳಿದರೆ ಹೆಚ್ಚುಕಡಿಮೆ ಪುಕ್ಕಟೆ. ಮರುಮುದ್ರಣದ ಎಲ್‌ಪಿ, ಅಂದರೆ ವಿನೈಲ್ ತಟ್ಟೆ, ಬೇಕೆಂದರೆ ಸಾವಿರಗಳಲ್ಲಿ ಮಾತು. ಮೊದಲ ಮುದ್ರಣವೇ ಆಗಬೇಕು ಅನ್ನುವವರು ಬೆಲೆ ಕೇಳುವ ಮೊದಲು ಕೂತುಕೊಳ್ಳುವುದು ಒಳ್ಳೆಯದು. ಇದರ ಮೇಲೆ ಜಗಳ ಬೇರೆ. ಯಾವುದು ಅಪ್ಪಟ ಅನಲಾಗ್ (ಎಲ್ಲೂ ಡಿಜಿಟಲ್ ಆಗದೆ ಟೇಪಿನಿಂದ ಬಂದದ್ದು), ಯಾವುದು ಸಿಡಿಯಿಂದ ಇಳಿಸಿದ್ದು, ನೇರಳೆ ಬಣ್ಣದ ತಟ್ಟೆಗೆ ಯಾಕೆ ಜಾಸ್ತಿ ದುಡ್ಡು? ಎಲೆಕ್ಟ್ರಾನಿಕ್ ಸಂಗೀತದ ಹಳೆಯ ಆಲ್ಬಂಗಳ ಸುತ್ತ ಈ ಜಗಳ ಇನ್ನಷ್ಟು ಜೋರು.

ಹಿಂದಿನದ್ದನ್ನು ಬೇಗ ಮುಗಿಸಿಬಿಡೋಣ. 1948ರಲ್ಲಿ ಎಲ್‌ಪಿ ಬಂತು, 1982ರಲ್ಲಿ ಸಿಡಿ ಬಂತು, 1989ರಲ್ಲಿ ಸೋನಿ ಕಂಪನಿ ವಿನೈಲ್ ತಯಾರಿಕೆ ಕೈಬಿಟ್ಟು 2018ರಲ್ಲಿ ಮತ್ತೆ ಶುರುಮಾಡಿತು. 2022ರಲ್ಲಿ ಅಮೆರಿಕದಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾದರೆ ಸಿಡಿ 3.3 ಕೋಟಿಯಷ್ಟೇ.

ತಮಾಷೆಯೆಂದರೆ, ಎಲ್ಲರೂ ತಟ್ಟೆ ಬಿಟ್ಟ ತೊಂಬತ್ತರ ದಶಕದಲ್ಲೂ ಅದನ್ನು ಬಿಡದೆ ಹಿಡಿದವರು ಈ ಯಂತ್ರಸಂಗೀತದವರೇ. ಡಿಜೆಗಳಿಗೆ ಕೈಯಲ್ಲಿ ಹಿಡಿದು ತಿರುಗಿಸಲು ಹನ್ನೆರಡು ಇಂಚಿನ ರೆಕಾರ್ಡು ಬೇಕಿತ್ತು. ಹಲವು ಕಾರ್ಖಾನೆಗಳ ಒಲೆ ಆರದೆ ಉಳಿದದ್ದರಲ್ಲಿ ಅವರ ಪಾಲೂ ಇದೆ.

ಆದರೆ ವಿನೈಲಿಗೂ ಈ ಸಂಗೀತಕ್ಕೂ ಹುಟ್ಟಿನಿಂದಲೇ ಸ್ವಲ್ಪ ಮುನಿಸು. ಬಾಸ್, ಅಂದರೆ ತಗ್ಗಿನ ಸದ್ದು, ಜೋರಾದಷ್ಟೂ ತಟ್ಟೆಯ ಗೀರು ಅಗಲವಾಗಬೇಕು, ಗೀರು ಅಗಲವಾದಷ್ಟೂ ಹಾಡಿಗೆ ಜಾಗ ಕಡಿಮೆ. ಒಂದು ಬದಿಗೆ ಇಪ್ಪತ್ತು ನಿಮಿಷ ದಾಟಿದರೆ ಸದ್ದು ಸೊರಗತೊಡಗುತ್ತದೆ. ಎಡ ಬಲ ಎರಡು ಕಡೆಯಿಂದ ಬೇರೆ ಬೇರೆ ಬಾಸ್ ಬಂದರೆ ಮುಳ್ಳು ಗೀರಿನಿಂದ ಜಿಗಿದೀತು ಎಂದು ಅದನ್ನು ನಡುವಿಗೆ ತಂದು ಮೊನೊ, ಅಂದರೆ ಎರಡೂ ಕಡೆ ಒಂದೇ, ಮಾಡುತ್ತಾರೆ. 1974ರಲ್ಲಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡ ಒಂದೇ ಹಾಡಿನಿಂದ ಎಲ್‌ಪಿಯ ಒಂದಿಡೀ ಬದಿ ತುಂಬಿಸಿತ್ತು. ಅಂದು ಅಳತೆಗೋಲು ತಟ್ಟೆಯದೇ. ತೊಂಬತ್ತರ ದಶಕದ ಆಲ್ಬಂಗಳು ಸಿಡಿಯ ಎಪ್ಪತ್ತು ಚಿಲ್ಲರೆ ನಿಮಿಷಗಳ ಲೆಕ್ಕದಲ್ಲಿ ಹುಟ್ಟಿದವು. ಅವನ್ನು ಈಗ ವಿನೈಲಿಗೆ ತರುವುದೆಂದರೆ ಎರಡು ಮೂರು ತಟ್ಟೆ, ಹದಿನೈದು ನಿಮಿಷಕ್ಕೊಮ್ಮೆ ಎದ್ದು ಮಗುಚುವ ಕೆಲಸ.

ಅನಲಾಗ್ ಮೋಹದ ಬುಡ ಅಲುಗುವುದೂ ಇಲ್ಲಿಯೇ. ಆ ಆಲ್ಬಂಗಳಲ್ಲಿ ಅನೇಕವು ಮಲಗುವ ಕೋಣೆಗಳಲ್ಲಿ ತಯಾರಾಗಿ ನೇರ ಡ್ಯಾಟ್ ಎಂಬ ಡಿಜಿಟಲ್ ಟೇಪಿಗೆ ಇಳಿದಂಥವು. ಅವುಗಳ ಮೂಲವೇ ಅಂಕಿಗಳು. ಅದನ್ನು ತಟ್ಟೆಗೆ ಕೊರೆದರೆ ತಪ್ಪೇನಿಲ್ಲ. ಆದರೆ ಅದರಲ್ಲಿ ಟೇಪಿನ ‘ಬಿಸುಪು’ ಹುಡುಕುವುದು ಪ್ಲಾಸ್ಟಿಕ್ ಹೂವಿಗೆ ಮೂಗು ಹಚ್ಚಿದಂತೆ. 2022ರಲ್ಲಿ ಅಮೆರಿಕದ ಹೆಸರಾಂತ ಮರುಮುದ್ರಣ ಕಂಪನಿಯೊಂದು, ತನ್ನ ಎಷ್ಟೋ ತಟ್ಟೆಗಳ ತಯಾರಿಯಲ್ಲಿ ನಡುವೆ ಡಿಜಿಟಲ್ ಹಂತವೊಂದಿತ್ತು ಎಂದು ಒಪ್ಪಿಕೊಂಡಿತು. ಅವು ರಾಕ್, ಜಾಝ್‌ನಂಥ ಬೇರೆ ಸಂಗೀತದವು, ಆದರೂ ಗದ್ದಲ ಎಲ್ಲ ಸಂಗ್ರಾಹಕರ ಮನೆ ತಲುಪಿತು, ಕೋರ್ಟಿಗೂ ಹೋಯಿತು. ಅದೇ ತಟ್ಟೆಗಳನ್ನು ದುಡ್ಡು ಕೊಟ್ಟು ಕೊಂಡವರೇ ಕೋರ್ಟಿಗೆ ಹೋದದ್ದು.

ಇಷ್ಟರ ನಡುವೆ ನಮಗೆ ಹತ್ತಿರದ ಕಥೆಯೊಂದಿದೆ. ಅದನ್ನು ಸ್ವಲ್ಪ ಸಾವಕಾಶವಾಗಿ ಹೇಳಬೇಕು.

ಚರಣ್‌ಜಿತ್ ಸಿಂಗ್ ಮುಂಬೈ ಸಿನಿಮಾ ವಾದ್ಯವೃಂದಗಳಲ್ಲಿ ಬಾಸ್, ಸ್ಟೀಲ್ ಗಿಟಾರ್ ನುಡಿಸುತ್ತಿದ್ದವರು. ಎಂಬತ್ತರ ದಶಕದ ಆರಂಭದಲ್ಲಿ ಅವರ ಕೈಗೆ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಬಂದವು: ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಜ್ಯೂಪಿಟರ್-8 ಸಿಂಥಸೈಜರ್, ಟಿಆರ್-808 ತಾಳಯಂತ್ರ, ಮತ್ತು ಟಿಬಿ-303. ಈ ಮೂರನೆಯದು ಬಾಸ್ ನುಡಿಸುವವರು ಸಿಗದ ಗಿಟಾರ್ ವಾದಕರಿಗೆಂದು ಮಾಡಿದ ಪುಟ್ಟ ಡಬ್ಬಿ. ಬಾಸ್ ಗಿಟಾರಿನಂತೆ ಅದು ಕೇಳಿಸುತ್ತಲೇ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತಿತು. ಡಿಸ್ಕೊ ಅಲೆ ಜೋರಾಗಿದ್ದ 1982ರಲ್ಲಿ ಸಿಂಗ್ ಈ ಮೂರನ್ನೂ ಜೋಡಿಸಿ ಡಿಸ್ಕೊ ತಾಳದ ಮೇಲೆ ಹತ್ತು ರಾಗ ನುಡಿಸಿದರು, ಎಚ್‌ಎಂವಿ ಎಲ್‌ಪಿ ಹೊರತಂದಿತು. ಭೂಪಾಲಿ, ತೋಡಿ, ಯಮನ್, ಮಾಲಕೌಂಸ್... ನಮ್ಮ ಕರ್ನಾಟಕ ಸಂಗೀತದ ಕಿವಿಗೆ ಭೂಪಾಲಿ ಮೋಹನವಾಗಿ, ಮಾಲಕೌಂಸ್ ಹಿಂದೋಳವಾಗಿ ಕೇಳುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಆ ಡಬ್ಬಿಯಲ್ಲಿತ್ತು, ಅದು ಮೀಂಡಿನ ಕೆಲಸಕ್ಕೆ ಒದಗಿತು. ಜಪಾನಿನ ಎಂಜಿನಿಯರುಗಳು ಇದನ್ನು ನೆನೆಸಿಯೂ ಇರಲಾರರು.

ಎಲ್‌ಪಿ ಮಾರಾಟವಾಗಲಿಲ್ಲ. ಸಿಂಗ್ ತಮ್ಮ ಪಾಡಿಗೆ ಬೇರೆ ಕೆಲಸಕ್ಕೆ ಹೊರಳಿದರು.

1987ರಲ್ಲಿ ಶಿಕಾಗೊದ ಫ್ಯೂಚರ್ ಎಂಬ ತಂಡ ಅದೇ ಟಿಬಿ-303ರ ಗುಂಡಿಗಳನ್ನು ತಿರುಚುತ್ತ ತಿರುಚುತ್ತ ಆಸಿಡ್ ಹೌಸ್ ಎಂಬ ಕುಣಿತದ ಸಂಗೀತ ಪ್ರಕಾರಕ್ಕೇ ನಾಂದಿ ಹಾಡಿತು. ಇತ್ತ ಸಿಂಗ್ ಅವರ ತಟ್ಟೆ ಧೂಳು ತಿನ್ನುತ್ತಲೇ ಇತ್ತು. 2002ರಲ್ಲಿ ನೆದರ್ಲೆಂಡಿನ ಸಂಗ್ರಾಹಕ ಎಡೊ ಬೌಮನ್ ಅವರಿಗೆ ದೆಹಲಿಯ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. 2010ರಲ್ಲಿ ತಮ್ಮ ಬಾಂಬೆ ಕನೆಕ್ಷನ್ ಲೇಬಲಿನಿಂದ ಅವರು ಮರುಮುದ್ರಿಸಿದಾಗ ಕೇಳಿದವರಿಗೆ ನಂಬಿಕೆಯೇ ಬರಲಿಲ್ಲ. ಯಾರೋ ಕಿಲಾಡಿಗಳು ಈಗ ಮಾಡಿ ಹಳೆಯ ಇಸವಿ ಅಂಟಿಸಿದ್ದಾರೆ ಎಂದು ಅನುಮಾನಿಸಿದವರೂ ಇದ್ದರು.

‘ಆಸಿಡ್ ಹೌಸ್ ಹುಟ್ಟಿದ್ದು ಭಾರತದಲ್ಲಿ’ ಎಂಬ ಮಾತು ಆಮೇಲೆ ಬಹಳ ಓಡಿತು. ಎದೆಯುಬ್ಬಿಸಲು ಚೆನ್ನಾಗಿದೆ, ಆದರೆ ಶಿಕಾಗೊದ ಹುಡುಗರು ಈ ತಟ್ಟೆ ಕೇಳಿದ್ದರು ಎನ್ನಲು ಆಧಾರವಿಲ್ಲ. ಒಂದೇ ಡಬ್ಬಿ, ಎರಡು ಊರು, ಎರಡು ಬಗೆಯ ಕೈ. ನನಗೆ ಅದೇ ಹೆಚ್ಚು ಸೋಜಿಗ. ಮಾರುಕಟ್ಟೆಗೆ ಮಾತ್ರ ‘ಮೊಟ್ಟಮೊದಲ’ ಎಂಬ ಚೀಟಿ ಬೇಕು. ಇರಲಿ, ಆ ಚೀಟಿಯ ದೆಸೆಯಿಂದಲಾದರೂ ಎಪ್ಪತ್ತು ದಾಟಿದ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಆ ರಾಗಗಳನ್ನು ಮತ್ತೆ ನುಡಿಸಿದರು. 2015ರ ಜುಲೈನಲ್ಲಿ ತೀರಿಕೊಂಡರು. ಮರುಮುದ್ರಣ ಅವರು ಬದುಕಿರುವಾಗಲೇ ಬಂದದ್ದು ಪುಣ್ಯ.

ಅಲ್ಲಿಂದೀಚೆಗೆ ವಿನೈಲಿಗೆ ಬೇಡಿಕೆ ಏರಿತು, ತಟ್ಟೆ ಒತ್ತುವ ಯಂತ್ರಗಳು ಅಷ್ಟಕ್ಕಷ್ಟೇ ಉಳಿದವು. ತಟ್ಟೆ ಅಚ್ಚಾಗುವ ಮೊದಲು ಗೀರನ್ನು ಸಾಮಾನ್ಯವಾಗಿ ಲ್ಯಾಕರ್ ಬಳಿದ ಬಿಲ್ಲೆಯ ಮೇಲೆ ಕೊರೆಯಬೇಕು. ಜಗತ್ತಿನಲ್ಲಿ ಅಂಥ ಬಿಲ್ಲೆ ತಯಾರಿಸುತ್ತಿದ್ದ ಕಾರ್ಖಾನೆಗಳು ಎರಡೇ. ಕ್ಯಾಲಿಫೋರ್ನಿಯಾದ ಬ್ಯಾನಿಂಗ್‌ನಲ್ಲಿದ್ದದ್ದು 2020ರ ಫೆಬ್ರುವರಿಯಲ್ಲಿ ಸುಟ್ಟುಹೋಯಿತು, ಉಳಿದದ್ದು ಜಪಾನಿನದು. ಆಮೇಲೆ ಕೋವಿಡ್ ಬಂತು, ಅದರ ಬೆನ್ನಿಗೆ ದೊಡ್ಡ ಪಾಪ್ ತಾರೆಗಳ ಲಕ್ಷಗಟ್ಟಲೆ ಪ್ರತಿಗಳ ಆರ್ಡರು. ಐನೂರು ಪ್ರತಿ ಕೇಳುವ ಸಣ್ಣ ಲೇಬಲಿನವರು ತಿಂಗಳುಗಟ್ಟಲೆ ಸಾಲಿನಲ್ಲಿ ನಿಂತರು. ಅದೇ ಹೊತ್ತಿಗೆ ಒಂದೇ ಆಲ್ಬಂ ನಾಲ್ಕು ಬಣ್ಣದಲ್ಲಿ, ನಾಲ್ಕು ‘ಸೀಮಿತ’ ಆವೃತ್ತಿಗಳಲ್ಲಿ ಬರತೊಡಗಿತು. ಕೊಂಡವರಲ್ಲಿ ಎಷ್ಟೋ ಮಂದಿ ಪ್ಲಾಸ್ಟಿಕ್ ಹೊದಿಕೆಯನ್ನೇ ಬಿಚ್ಚುವುದಿಲ್ಲ.

ಈ ಅಬ್ಬರದ ಆಚೆ, ಅಹಮದಾಬಾದಿನ ನ್ಯಾಷನಲ್ ಇನ್ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್, ‘ಮೂಗ್’ ಎಂಬ ಸಿಂಥಸೈಜರ್ ಸಮೇತ ಒಂದು ಸ್ಟುಡಿಯೊ ಕಟ್ಟಿಕೊಟ್ಟಿದ್ದರು. ಗೀತಾ ಸಾರಾಭಾಯ್, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಮುಂತಾದವರು ಅಲ್ಲಿ ಮಾಡಿದ ಪ್ರಯೋಗಗಳ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಉಳಿದಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪುರ್ಗಾಸ್ ಅವನ್ನು ಹುಡುಕಿ ತೆಗೆದರು; 2023ರಲ್ಲಿ ಆಯ್ದ ಭಾಗ ವಿನೈಲಾಗಿ ಬಂತು. ಅಂಗಡಿಗಳಲ್ಲಿ ಅದನ್ನೂ ಮರುಮುದ್ರಣಗಳ ಸಾಲಿನಲ್ಲೇ ಇಡುತ್ತಾರೆ. ಮೊದಲ ಮುದ್ರಣವೇ ಅದು. ಅದಕ್ಕೂ ಹಿಂದಿನ ಪ್ರತಿಯೊಂದನ್ನು ಹುಡುಕಿಕೊಂಡು ಯಾರೂ ಹೋಗಬೇಕಾಗಿಲ್ಲ.